ಜಂಟಿ ಹೇಳಿಕೆಯನ್ನು ಓದುವುದು ಹೇಗೆ? ಭಾರತ–ಜಪಾನ್ ಕಡತದಿಂದ ಒಂದು ಅಭ್ಯಾಸ

ಪ್ರಧಾನಿಗಳಿಬ್ಬರು ಕೈಕುಲುಕುತ್ತಿರುವ ಚಿತ್ರ, ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಲಕ್ಷ ಕೋಟಿಗಳ ಮೊತ್ತ, ಕೆಳಗೆ ಹತ್ತಾರು ಒಪ್ಪಂದಗಳ ಪಟ್ಟಿ. ಶೃಂಗಸಭೆಯ ಮರುದಿನದ ಮುಖಪುಟ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಆ ಮೊತ್ತದಲ್ಲಿ ಸಾಲವೆಷ್ಟು, ಖಾಸಗಿ ಹೂಡಿಕೆಯೆಷ್ಟು, ಬರೀ ಗುರಿಯೆಷ್ಟು ಎಂಬುದು ಸುದ್ದಿಯ ಮೊದಲ ಪ್ಯಾರಾದಲ್ಲಿ ಸಿಗುವುದು ಅಪರೂಪ. ಅದನ್ನು ತಿಳಿಯಬೇಕಾದರೆ ಮೂಲ ದಾಖಲೆಯಾದ ಜಂಟಿ ಹೇಳಿಕೆಯನ್ನೇ ಓದಬೇಕು. ಅದೇನೂ ಗುಟ್ಟಿನ ಕಾಗದವಲ್ಲ. ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಸಾಮಾನ್ಯವಾಗಿ ಅದೇ ದಿನ ಪ್ರಕಟವಾಗುತ್ತದೆ. ಆದರೆ ಓದಲು ಒಂದು ಕ್ರಮ ಬೇಕು. ಏಳು ದಶಕ ದಾಟಿದ ಭಾರತ–ಜಪಾನ್ ಸಂಬಂಧದಲ್ಲಿ ಸಾಲ, ವ್ಯಾಪಾರ, ಪರಮಾಣು ಒಪ್ಪಂದ, ಮುನಿಸು ಎಲ್ಲವೂ ಬಂದುಹೋಗಿರುವುದರಿಂದ ಆ ಕ್ರಮವನ್ನು ಕಲಿಯಲು ಅದಕ್ಕಿಂತ ಅನುಕೂಲವಾದ ಕಡತ ಇನ್ನೊಂದಿಲ್ಲ.

ಮೊದಲ ಹೆಜ್ಜೆ: ಹಳೆಯ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಿ

ಜಂಟಿ ಹೇಳಿಕೆಗಳ ಆರಂಭದಲ್ಲಿ ನಾಗರಿಕತೆಯ ನಂಟು, ಬೌದ್ಧ ಪರಂಪರೆ ಮುಂತಾದ ಮಾತುಗಳು ಬಂದೇ ಬರುತ್ತವೆ. ಅವನ್ನು ಬೇಗ ದಾಟಬಹುದು. ನೆನಪಿಡಬೇಕಾದ ಘಟನೆಗಳು ಬೇರೆ ಇವೆ. ಎರಡನೆಯ ಮಹಾಯುದ್ಧದ ಬಳಿಕ ಜಪಾನ್ ಜತೆ ಶಾಂತಿ ಒಪ್ಪಂದಕ್ಕಾಗಿ ಕರೆದ 1951ರ ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಹೋಗಲು ಒಪ್ಪದ ಭಾರತ, 1952ರ ಏಪ್ರಿಲ್ 28ರಂದು ಜಪಾನ್ ಜತೆ ರಾಜತಾಂತ್ರಿಕ ಸಂಬಂಧವನ್ನು ಆರಂಭಿಸಿ, ಅದೇ ಜೂನ್‌ನಲ್ಲಿ ಪ್ರತ್ಯೇಕ ಶಾಂತಿ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿತು. 1958ರಲ್ಲಿ ಜಪಾನ್ ತನ್ನ ಮೊತ್ತಮೊದಲ ಯೆನ್ ಸಾಲವನ್ನು ಕೊಟ್ಟಿದ್ದು ಭಾರತಕ್ಕೆ. 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ರಿಸರ್ವ್ ಬ್ಯಾಂಕಿನ ಚಿನ್ನವನ್ನು ಒತ್ತೆಯಿಟ್ಟು ಹಣ ತಂದ ಎರಡು ಕಡೆಗಳಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದಾದರೆ ಬ್ಯಾಂಕ್ ಆಫ್ ಜಪಾನ್ ಇನ್ನೊಂದು. 1998ರಲ್ಲಿ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆದ ಕೂಡಲೇ ಹೊಸ ಸಾಲಗಳನ್ನು ತಡೆಹಿಡಿದ ಜಪಾನ್, ಆ ನಿರ್ಬಂಧವನ್ನು ತೆಗೆದದ್ದು 2001ರಲ್ಲಿ.

ಈ ಹಿನ್ನೆಲೆ ಗೊತ್ತಿದ್ದರೆ 2006ರ ‘ವ್ಯೂಹಾತ್ಮಕ ಮತ್ತು ಜಾಗತಿಕ ಪಾಲುದಾರಿಕೆ’ಗೆ 2014ರಲ್ಲಿ ‘ವಿಶೇಷ’ ಎಂಬ ಪದ ಸೇರಿಕೊಂಡದ್ದನ್ನು ಕಂಡು ಹಿಗ್ಗುವ ಅಗತ್ಯ ಬೀಳುವುದಿಲ್ಲ. ಬಿರುದು ಬದಲಾಗುವುದು ಸುಲಭ. ಸಾಲ ನಿಂತಿತೇ, ಮತ್ತೆ ಹರಿಯಿತೇ ಎಂಬುದು ಸಂಬಂಧದ ನಿಜವಾದ ನಾಡಿಮಿಡಿತ.

ಎರಡನೆಯ ಹೆಜ್ಜೆ: ಕೈಯಲ್ಲಿರುವುದು ಯಾವ ಬಗೆಯ ಕಾಗದ?

ಜಂಟಿ ಹೇಳಿಕೆ ಎಂಬುದು ರಾಜಕೀಯ ಇಂಗಿತ; ಅದರಲ್ಲಿ ಹೇಳಿದ್ದನ್ನು ಮಾಡದಿದ್ದರೆ ಯಾರೂ ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ತಿಳಿವಳಿಕೆ ಪತ್ರ ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೂ ಬಹುತೇಕ ಸಂದರ್ಭಗಳಲ್ಲಿ ಕಾನೂನಿನ ಬಂಧವಿಲ್ಲದ್ದು. ಎರಡೂ ಸರ್ಕಾರಗಳನ್ನು ಕಟ್ಟಿಹಾಕುವುದು ಸಹಿಯಾಗಿ, ಆಯಾ ದೇಶದ ಅನುಮೋದನೆ ಪಡೆದು, ಜಾರಿಯ ದಿನಾಂಕ ಗೊತ್ತಾದ ಒಪ್ಪಂದ ಮಾತ್ರ.

ನಾಗರಿಕ ಪರಮಾಣು ಸಹಕಾರದ ಉದಾಹರಣೆಯನ್ನೇ ನೋಡಿ. 2015ರ ಡಿಸೆಂಬರ್‌ನಲ್ಲಿ ಜಪಾನಿನ ಅಂದಿನ ಪ್ರಧಾನಿ ಶಿಂಜೊ ಅಬೆ ದೆಹಲಿಗೆ ಬಂದಾಗ ‘ಒಪ್ಪಂದವಾಯಿತು’ ಎಂಬ ಅರ್ಥದ ಶೀರ್ಷಿಕೆಗಳು ಬಂದವು. ಆಗ ಆಗಿದ್ದು ತಾತ್ವಿಕ ಒಪ್ಪಿಗೆಯಷ್ಟೆ. ಒಪ್ಪಂದಕ್ಕೆ ಸಹಿ ಬಿದ್ದದ್ದು 2016ರ ನವೆಂಬರ್ 11ರಂದು, ಟೋಕಿಯೊದಲ್ಲಿ. ಜಪಾನಿನ ಸಂಸತ್ತಾದ ಡಯಟ್ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2017ರ ಜೂನ್‌ನಲ್ಲಿ. ಜಾರಿಗೆ ಬಂದದ್ದು ಅದೇ ವರ್ಷ ಜುಲೈ 20ಕ್ಕೆ. ಭಾರತದಲ್ಲಿ ಇಂಥ ಒಪ್ಪಂದಕ್ಕೆ ಸಂಸತ್ತಿನ ಮತ ಬೇಕಿಲ್ಲ, ಕೇಂದ್ರ ಸಂಪುಟದ ಅನುಮೋದನೆ ಸಾಕು. ಜಪಾನಿನಲ್ಲಿ ಹಾಗಲ್ಲ. ಆದ್ದರಿಂದಲೇ ದೆಹಲಿ ಮುಗಿಯಿತೆಂದು ಹೇಳುವ ಎಷ್ಟೋ ಸಂಗತಿಗಳು ಟೋಕಿಯೊದಲ್ಲಿ ಇನ್ನೂ ಅರ್ಧದಾರಿಯಲ್ಲಿರುತ್ತವೆ.

ಇದೇ ಪ್ರಕರಣದಲ್ಲಿ ಇನ್ನೊಂದು ಪಾಠವಿದೆ. ಒಪ್ಪಂದದ ಜತೆಗೆ ‘ಅಭಿಪ್ರಾಯ ಮತ್ತು ತಿಳಿವಳಿಕೆ’ಗಳ ಟಿಪ್ಪಣಿಯೊಂದಕ್ಕೂ ಸಹಿ ಬಿತ್ತು. ಅಣುಪರೀಕ್ಷೆಗೆ ಸ್ವಯಂ ತಡೆ ಹಾಕಿಕೊಳ್ಳುವುದಾಗಿ 2008ರ ಸೆಪ್ಟೆಂಬರ್ 5ರಂದು ಭಾರತ ನೀಡಿದ ಹೇಳಿಕೆಗೆ ವಿರುದ್ಧವಾಗಿ ನಡೆದುಕೊಂಡರೆ ಪರಿಸ್ಥಿತಿಯೇ ಬದಲಾದಂತೆ ಎಂಬ ಜಪಾನಿನ ನಿಲುವು ಅದರಲ್ಲಿದೆ. ಅದು ಜಪಾನಿನ ಅಭಿಪ್ರಾಯದ ದಾಖಲೆಯಷ್ಟೇ ಎಂದು ಭಾರತ ಹೇಳಿತು. ಜಪಾನ್ ತನ್ನ ಸಂಸತ್ತಿನ ಮುಂದೆ ಅದಕ್ಕೆ ಹೆಚ್ಚಿನ ತೂಕ ಕೊಟ್ಟಿತು. ಒಂದೇ ಹಾಳೆ, ಎರಡು ಓದು. ಹಾಗಾಗಿ ಮುಖ್ಯ ದಾಖಲೆಯನ್ನು ಓದಿದಷ್ಟೇ ಶ್ರದ್ಧೆಯಿಂದ ಅನುಬಂಧಗಳನ್ನೂ ಟಿಪ್ಪಣಿಗಳನ್ನೂ ಓದಬೇಕು.

ಮೂರನೆಯ ಹೆಜ್ಜೆ: ಮೊತ್ತವನ್ನು ಬಿಡಿಸಿ ನೋಡಿ

ಹೆಚ್ಚಿನ ಓದುಗರು ಎಡವುವುದು ಇಲ್ಲಿಯೇ. 2014ರಲ್ಲಿ ಜಪಾನ್ ಐದು ವರ್ಷಗಳಿಗೆ 3.5 ಲಕ್ಷ ಕೋಟಿ ಯೆನ್ ಎಂದಿತು. 2022ರ ಮಾರ್ಚ್‌ನಲ್ಲಿ ಅಲ್ಲಿನ ಅಂದಿನ ಪ್ರಧಾನಿ ಫುಮಿಯೊ ಕಿಶಿದಾ ದೆಹಲಿಗೆ ಬಂದಾಗ ಐದು ವರ್ಷಗಳಿಗೆ 5 ಲಕ್ಷ ಕೋಟಿ ಯೆನ್ ಎಂಬ ಘೋಷಣೆಯಾಯಿತು. 2025ರ ಆಗಸ್ಟ್‌ನಲ್ಲಿ ನರೇಂದ್ರ ಮೋದಿ ಟೋಕಿಯೊಗೆ ಹೋದಾಗ ಗುರಿ 10 ಲಕ್ಷ ಕೋಟಿ ಯೆನ್‌ಗೆ ಏರಿತು. ಮೇಲ್ನೋಟಕ್ಕೆ ಮೊತ್ತ ಇಮ್ಮಡಿಯಾಗಿದೆ. ಆದರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಎಷ್ಟು ವರ್ಷಕ್ಕೆ? 2025ರ ಗುರಿಯ ಅವಧಿ ಒಂದು ದಶಕ. 5 ಲಕ್ಷ ಕೋಟಿಯನ್ನು ಐದರಿಂದಲೂ 10 ಲಕ್ಷ ಕೋಟಿಯನ್ನು ಹತ್ತರಿಂದಲೂ ಭಾಗಿಸಿದರೆ ವರ್ಷಕ್ಕೆ ಸಿಗುವುದು ಅದೇ ಒಂದು ಲಕ್ಷ ಕೋಟಿ ಯೆನ್. ಯಾರ ಹಣ? ಹಿಂದಿನ ಎರಡೂ ಘೋಷಣೆಗಳಲ್ಲಿ ಸರ್ಕಾರಿ ಸಾಲ ಮತ್ತು ಖಾಸಗಿ ಹೂಡಿಕೆ ಒಟ್ಟಾಗಿದ್ದವು. 2025ರದ್ದು ಖಾಸಗಿ ಹೂಡಿಕೆಯ ಗುರಿ. ಆ ಮಟ್ಟಿಗೆ ಹೊಸದು ಹೆಚ್ಚು ಮಹತ್ವಾಕಾಂಕ್ಷೆಯದ್ದು. ಆದರೆ ಖಾಸಗಿ ಕಂಪನಿಗಳಿಗೆ ಸರ್ಕಾರ ಆಜ್ಞೆ ಮಾಡಲಾಗದು ಎಂಬುದನ್ನೂ ಮರೆಯಬಾರದು. ಯಾವ ಕರೆನ್ಸಿಯಲ್ಲಿ? 2022ರ 5 ಲಕ್ಷ ಕೋಟಿ ಯೆನ್ ಅಂದಿನ ದರದಲ್ಲಿ ಸುಮಾರು 3.2 ಲಕ್ಷ ಕೋಟಿ ರೂಪಾಯಿ ಆಗಿತ್ತು. ಅದರ ಎರಡರಷ್ಟಿರುವ 2025ರ ಮೊತ್ತ ಸುಮಾರು 6 ಲಕ್ಷ ಕೋಟಿ ರೂಪಾಯಿಗೆ ನಿಂತದ್ದು ಯೆನ್ ಅಷ್ಟರಲ್ಲಿ ಇಳಿದಿದ್ದರಿಂದ.

ಕರೆನ್ಸಿ ವಿನಿಮಯ ವ್ಯವಸ್ಥೆಯನ್ನು ಈ ಮೊತ್ತಗಳ ಜತೆ ಕೂಡಿಸಲೇಬಾರದು. 2018ರಲ್ಲಿ ಒಪ್ಪಿಗೆಯಾದ 7,500 ಕೋಟಿ ಡಾಲರ್ ವ್ಯವಸ್ಥೆಯನ್ನು ಜಪಾನ್ ಭಾರತಕ್ಕೆ ಕೊಟ್ಟ ಹಣವೆಂದು ಬರೆದವರಿದ್ದಾರೆ. ಅದು ವಿದೇಶಿ ವಿನಿಮಯದ ಬಿಕ್ಕಟ್ಟು ಬಂದರೆ ಎರಡು ಕೇಂದ್ರೀಯ ಬ್ಯಾಂಕುಗಳ ನಡುವೆ ಬಳಸಿಕೊಳ್ಳಬಹುದಾದ ಮಿತಿ ಮಾತ್ರ. ಬಿಕ್ಕಟ್ಟು ಬಾರದಿದ್ದರೆ ಒಂದು ಡಾಲರ್ ಕೂಡ ಕೈ ಬದಲಿಸುವುದಿಲ್ಲ.

ನಾಲ್ಕನೆಯ ಹೆಜ್ಜೆ: ಸಾಲದ ಷರತ್ತುಗಳು

ಜಪಾನಿನ ಸಾಲ ಒಂದೇ ಸಹಿಯಿಂದ ಬರುವುದಿಲ್ಲ. ಮೊದಲು ಎರಡೂ ಸರ್ಕಾರಗಳು ಪತ್ರ ವಿನಿಮಯ ಮಾಡಿಕೊಳ್ಳುತ್ತವೆ. ಆಮೇಲೆ ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ ಜೈಕಾ, ಕೇಂದ್ರ ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆಯೊಂದಿಗೆ ಸಾಲದ ಕರಾರು ಮಾಡಿಕೊಳ್ಳುತ್ತದೆ. ಟೆಂಡರ್, ಗುತ್ತಿಗೆ, ಕಾಮಗಾರಿ ಸಾಗಿದಂತೆ ಹಣ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಕರಾರಿನಲ್ಲಿ ಬಡ್ಡಿ ದರ, ಮರುಪಾವತಿಯ ಅವಧಿ, ಅಸಲು ಕಟ್ಟದೆ ಇರಬಹುದಾದ ಆರಂಭಿಕ ವರ್ಷಗಳು, ಸಾಮಗ್ರಿಯನ್ನು ಜಪಾನಿನಿಂದಲೇ ಕೊಳ್ಳಬೇಕೇ ಎಂಬ ನಾಲ್ಕು ಅಂಶಗಳನ್ನು ಹುಡುಕಿ.

ಮುಂಬೈ–ಅಹಮದಾಬಾದ್ ನಡುವಿನ 508 ಕಿಲೊಮೀಟರ್ ಬುಲೆಟ್ ರೈಲು ಯೋಜನೆಗೆ ಆರಂಭದಲ್ಲಿ ಅಂದಾಜಿಸಿದ ವೆಚ್ಚ ಸುಮಾರು 1.08 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಶೇ 81ರಷ್ಟು ಜಪಾನಿನ ಸಾಲ. ಬಡ್ಡಿ ಶೇ 0.1, ಮರುಪಾವತಿಗೆ 50 ವರ್ಷ, ಮೊದಲ 15 ವರ್ಷ ಅಸಲಿನ ಕಂತು ಇಲ್ಲ. ಸಾವಿರ ಕೋಟಿ ಸಾಲಕ್ಕೆ ವರ್ಷದ ಬಡ್ಡಿ ಒಂದೇ ಕೋಟಿ. ಇದನ್ನು ಬಿಟ್ಟಿ ಹಣವೆಂದು ಹೊಗಳಿದವರೂ ಇದ್ದಾರೆ. ಅವರು ಮರೆಯುವುದು, ಸಾಲ ಇರುವುದು ಯೆನ್‌ನಲ್ಲಿ ಎಂಬುದನ್ನು. ಮರುಪಾವತಿಯ ಕಾಲಕ್ಕೆ ಯೆನ್ ರೂಪಾಯಿಯೆದುರು ಶೇ 20ರಷ್ಟು ಬಲವಾದರೆ ಸಾವಿರ ಕೋಟಿಯ ಅಸಲು ಸಾವಿರದ ಇನ್ನೂರು ಕೋಟಿಯಾಗುತ್ತದೆ. ಯೆನ್ ಇಳಿದರೆ ಲಾಭ ನಮ್ಮದು. ಜತೆಗೆ ಜಪಾನಿನ ಬುಲೆಟ್ ರೈಲಾದ ಶಿಂಕಾನ್ಸೆನ್‌ನ ತಂತ್ರಜ್ಞಾನವನ್ನೇ ಆಧರಿಸಿದ ಯೋಜನೆಯಾದ್ದರಿಂದ ಸಾಲದ ಒಂದು ಪಾಲು ಜಪಾನಿನ ಕಂಪನಿಗಳ ಖಾತೆಗೇ ಮರಳುತ್ತದೆ. ಇದರಲ್ಲಿ ಮೋಸವೇನಿಲ್ಲ, ಸಾಲ ಅಗ್ಗವಾಗಿರುವುದಕ್ಕೆ ತೆರುವ ಬೆಲೆ ಅದು. ಆದರೆ ಬೆಲೆಯಿದೆ ಎಂಬುದು ಓದುಗನಿಗೆ ಗೊತ್ತಿರಬೇಕು.

ಕಾಲದ ಅಂದಾಜಿಗೆ ನಮ್ಮ ಮೆಟ್ರೊ ಹತ್ತಿರದ ಸಾಕ್ಷಿ. ಬೆಂಗಳೂರಿನ ಮೊದಲ ಹಂತಕ್ಕೆ ಜಪಾನಿನ ಸಾಲದ ಕರಾರು ಆದದ್ದು 2006ರಲ್ಲಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, 42.3 ಕಿಲೊಮೀಟರ್‌ನ ಇಡೀ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ಜಂಟಿ ಹೇಳಿಕೆಯಲ್ಲಿ ಇಂದು ಕಾಣುವ ಯೋಜನೆಗೆ ಹತ್ತು ವರ್ಷದ ಕಾಲಾವಕಾಶ ಕೊಟ್ಟು ಓದುವುದು ಕ್ಷೇಮ.

ಐದನೆಯ ಹೆಜ್ಜೆ: ವ್ಯಾಪಾರ ಒಪ್ಪಂದವನ್ನು ಸುಂಕದಾಚೆಗೆ ನೋಡಿ

2011ರ ಆಗಸ್ಟ್ 1ರಂದು ಜಾರಿಗೆ ಬಂದ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ, ಹತ್ತು ವರ್ಷಗಳಲ್ಲಿ ಸುಮಾರು ಶೇ 94ರಷ್ಟು ವ್ಯಾಪಾರದ ಮೇಲಿನ ಸುಂಕವನ್ನು ತೆಗೆಯುವ ಉದ್ದೇಶ ಹೊಂದಿತ್ತು. ಫಲಿತಾಂಶ ಏನು? 2023–24ರಲ್ಲಿ ಉಭಯ ದೇಶಗಳ ಸರಕು ವ್ಯಾಪಾರ ಸುಮಾರು 2,285 ಕೋಟಿ ಡಾಲರ್. ಅದರಲ್ಲಿ ಭಾರತದ ರಫ್ತು ಸುಮಾರು 515 ಕೋಟಿ ಡಾಲರ್ ಮಾತ್ರ. ಉಳಿದದ್ದೆಲ್ಲ ಆಮದು.

ಸುಂಕ ಇಳಿದರೂ ರಫ್ತು ಏರದಿರಲು ಕಾರಣಗಳನ್ನು ಗುಣಮಟ್ಟದ ನಿಯಮಗಳಲ್ಲಿ ಹುಡುಕಬೇಕು. ಹಣ್ಣುನೊಣದ ಭಯದಿಂದ 1986ರಲ್ಲಿ ಭಾರತದ ಮಾವಿಗೆ ಮುಚ್ಚಿದ ಜಪಾನಿನ ಬಾಗಿಲು, ಹಬೆಯ ಶಾಖದಿಂದ ಹಣ್ಣನ್ನು ಸಂಸ್ಕರಿಸುವ ವ್ಯವಸ್ಥೆ ಬಂದ ಮೇಲೆ, 2006ರಲ್ಲಿ ತೆರೆಯಿತು. ವ್ಯಾಪಾರ ಒಪ್ಪಂದ ಜಾರಿಯಾದ ಮರುವರ್ಷವೇ, ಅಂದರೆ 2012ರಲ್ಲಿ, ಭಾರತದ ಸಿಗಡಿಯಲ್ಲಿ ಎಥಾಕ್ಸಿಕ್ವಿನ್ ಎಂಬ ರಾಸಾಯನಿಕದ ಅಂಶವಿದೆಯೆಂದು ಜಪಾನ್ ತಪಾಸಣೆ ಬಿಗಿಗೊಳಿಸಿತು. ಮೀನಿನ ಆಹಾರ ಕೆಡದಂತೆ ಬಳಸುವ ಈ ವಸ್ತುವಿಗೆ ಅದು ಇಟ್ಟಿದ್ದ ಮಿತಿ ದಶಲಕ್ಷದಲ್ಲಿ 0.01 ಭಾಗ. ಸುಂಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಆದರೆ ಕಂಟೇನರು ಬಂದರಿನಲ್ಲಿ ನಿಲ್ಲುವುದಕ್ಕೆ ಇಷ್ಟು ಸಾಕು. ಆದ್ದರಿಂದ ‘ಪರಸ್ಪರ ಮಾನ್ಯತೆ’, ‘ತಪಾಸಣೆ’, ‘ಸಸ್ಯ ಆರೋಗ್ಯ’ ಎಂಬ ನೀರಸ ಪದಗಳಿರುವ ಪ್ಯಾರಾಗಳನ್ನು ಹಾರಿಸಬೇಡಿ. ರಫ್ತುದಾರನಿಗೆ ದೊಡ್ಡ ಮೊತ್ತದ ಘೋಷಣೆಗಿಂತ ಅವೇ ಮುಖ್ಯ.

ಆರನೆಯ ಹೆಜ್ಜೆ: ಜನರ ಲೆಕ್ಕ

2025ರ ದಾಖಲೆಗಳ ಪ್ರಕಾರ ಐದು ವರ್ಷಗಳಲ್ಲಿ ಎರಡೂ ಕಡೆ ಸೇರಿ ಐದು ಲಕ್ಷ ಜನರ ವಿನಿಮಯವಾಗಬೇಕು. ಅವರಲ್ಲಿ 50 ಸಾವಿರ ಮಂದಿ ಭಾರತದಿಂದ ಜಪಾನಿಗೆ ಹೋಗುವ ಕುಶಲಿಗಳು. ಇದನ್ನು 50 ಸಾವಿರ ಉದ್ಯೋಗದ ಭರವಸೆ ಎಂದು ಓದಬಾರದು. 2021ರ ಜನವರಿಯ ಸಹಕಾರ ಪತ್ರದಡಿ ನಡೆಯುವ ನಿರ್ದಿಷ್ಟ ಕುಶಲ ಕಾರ್ಮಿಕರ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ವೃತ್ತಿ ಕೌಶಲದ ಪರೀಕ್ಷೆಯ ಜತೆಗೆ ಜಪಾನಿ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಭಾಷೆ ಕಲಿಸುವ ಶಿಕ್ಷಕರು, ಪರೀಕ್ಷಾ ಕೇಂದ್ರಗಳ ಬಗ್ಗೆ ಹೇಳಿಕೆ ಏನೆನ್ನುತ್ತದೆ ಎಂಬುದನ್ನು ನೋಡಿದರೆ ಗುರಿ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಏಳನೆಯ ಹೆಜ್ಜೆ: ಹೇಳದೆ ಬಿಟ್ಟದ್ದು

2022ರ ಮಾರ್ಚ್‌ನ ಜಂಟಿ ಹೇಳಿಕೆಯಲ್ಲಿ ಉಕ್ರೇನ್ ಸಂಘರ್ಷದ ಬಗ್ಗೆ ತೀವ್ರ ಕಳವಳವಿದೆ, ಆದರೆ ರಷ್ಯಾದ ಖಂಡನೆಯಿಲ್ಲ. ಅದೇ ದಿನಗಳಲ್ಲಿ ಜಪಾನ್ ತನ್ನದೇ ಹೇಳಿಕೆಗಳಲ್ಲಿ ರಷ್ಯಾವನ್ನು ಹೆಸರಿಸಿ ಖಂಡಿಸುತ್ತಿತ್ತು. ಎರಡು ಸರ್ಕಾರಗಳ ನಿಲುವು ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಪತ್ತೆಹಚ್ಚಲು ಸುಲಭದ ದಾರಿಯೆಂದರೆ, ದೆಹಲಿಯ ವಿದೇಶಾಂಗ ಸಚಿವಾಲಯ ಮತ್ತು ಟೋಕಿಯೊದ ವಿದೇಶಾಂಗ ಸಚಿವಾಲಯ ಮಾತುಕತೆಯ ಬಗ್ಗೆ ಹೊರಡಿಸುವ ಪ್ರತ್ಯೇಕ ಪ್ರಕಟಣೆಗಳನ್ನು ಅಕ್ಕಪಕ್ಕ ಇಟ್ಟು ಓದುವುದು. ಒಬ್ಬರು ಎರಡು ಪ್ಯಾರಾ ಬರೆದ ವಿಷಯವನ್ನು ಇನ್ನೊಬ್ಬರು ಅರ್ಧ ವಾಕ್ಯದಲ್ಲಿ ಮುಗಿಸಿದ್ದರೆ ಅಲ್ಲಿ ಏನೋ ಇದೆ ಎಂದೇ ಅರ್ಥ. ಹಿಂದಿನ ಹೇಳಿಕೆಯಲ್ಲಿದ್ದು ಈ ಸಲ ಕಾಣದಿರುವ ಯೋಜನೆಗಳನ್ನೂ ಗುರುತು ಹಾಕಿಕೊಳ್ಳಿ. ಕೈಬಿಟ್ಟ ಯೋಜನೆಗಳಿಗೆ ಪತ್ರಿಕಾ ಪ್ರಕಟಣೆ ಬರುವುದು ಕಡಿಮೆ.

ಕೊನೆಯ ಹೆಜ್ಜೆ: ಬೆನ್ನು ಬೀಳುವುದು

ವ್ಯಾಪಾರದ ಅಂಕಿಗಳು ವಾಣಿಜ್ಯ ಸಚಿವಾಲಯದ ಆಮದು–ರಫ್ತು ದತ್ತಾಂಶ ಭಂಡಾರದಲ್ಲಿ ದೇಶವಾರು, ಸರಕುವಾರು ಸಿಗುತ್ತವೆ. ಸಾಲದ ವಿಷಯದಲ್ಲಿ ಕರಾರಾದ ಮೊತ್ತ ಒಂದು, ವಾಸ್ತವದಲ್ಲಿ ಪಡೆದ ಮೊತ್ತ ಇನ್ನೊಂದು. ಎರಡನೆಯದನ್ನು ಆರ್ಥಿಕ ವ್ಯವಹಾರಗಳ ಇಲಾಖೆಯ ವಿದೇಶಿ ನೆರವಿನ ಲೆಕ್ಕಪತ್ರ ವಿಭಾಗ ದಾಖಲಿಸುತ್ತದೆ. ಅಲ್ಲಿ ಸಿಗದ ವಿವರಕ್ಕೆ ಮಾಹಿತಿ ಹಕ್ಕಿನ ಅರ್ಜಿಯಿದೆ. ಸಂಸತ್ತಿನ ಪ್ರಶ್ನೋತ್ತರಗಳಲ್ಲಿಯೂ ಇಂಥ ಲೆಕ್ಕ ಆಗಾಗ ಹೊರಬೀಳುತ್ತದೆ. ಜೈಕಾ ತನ್ನ ಯೋಜನೆಗಳಿಗೆ ಆರಂಭದಲ್ಲೊಮ್ಮೆ, ಮುಗಿದ ಕೆಲವು ವರ್ಷಗಳ ಬಳಿಕ ಇನ್ನೊಮ್ಮೆ ಮೌಲ್ಯಮಾಪನ ವರದಿಯನ್ನು ಪ್ರಕಟಿಸುತ್ತದೆ. ಎರಡನೆಯ ವರದಿಯಲ್ಲಿ ಯೋಜಿಸಿದ ವೆಚ್ಚ ಮತ್ತು ಅವಧಿ, ವಾಸ್ತವದಲ್ಲಿ ತಗುಲಿದ ವೆಚ್ಚ ಮತ್ತು ಅವಧಿ ಎರಡನ್ನೂ ಹೋಲಿಸಿರುತ್ತಾರೆ. ಓದಲು ಪುರುಸೊತ್ತು ಇಲ್ಲದವರು ಮೊದಲು ಆ ಭಾಗವನ್ನೇ ತೆರೆದು ನೋಡಬಹುದು.