ಪದವಿ ಮುಗಿಯುವ ಮೊದಲೇ ಕೆಲಸ ಸಿಕ್ಕಿದರೆ ತೀರ್ಮಾನಿಸುವುದು ಹೇಗೆ?

ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಯ ಕೈಗೆ ಆಗಲೇ ಕೆಲಸದ ಪತ್ರ ಬಂದಿರುವುದು ಈಗ ಅಪರೂಪವಲ್ಲ. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಲ್ಲಿ ಆರಂಭವಾಯಿತು. ಅಲ್ಲಿಯೇ ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಜೋಡಣೆ ಘಟಕ 2023ರಲ್ಲಿ ಟಾಟಾ ಸಮೂಹದ ಕೈಗೆ ಬಂತು. ವೇಮಗಲ್ ಮತ್ತು ಮಾಲೂರಿನ ಕೈಗಾರಿಕಾ ಪ್ರದೇಶಗಳೂ ಸೇರಿ, ಹಳ್ಳಿಯ ಗೇಟಿನಲ್ಲಿ ಕಂಪನಿ ಬಸ್ ಹತ್ತಿ ಶಿಫ್ಟಿಗೆ ಹೋಗಿ ಮನೆಗೆ ಮರಳುವ ಅನುಕೂಲ ಈ ಭಾಗದ ಯುವಕ ಯುವತಿಯರಿಗೆ ಒದಗಿದೆ. ಬಂಗಾರಪೇಟೆ ಮತ್ತು ಕೆಜಿಎಫ್ ಕಡೆಯವರು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವುದು ಮೊದಲಿನಿಂದಲೂ ಇದೆ. ಹೀಗಾಗಿ ಪದವಿ ಮುಗಿಸಬೇಕೇ, ಬಂದ ಕೆಲಸಕ್ಕೆ ಸೇರಬೇಕೇ ಎಂಬ ಪ್ರಶ್ನೆ ಮನೆಮನೆಯಲ್ಲಿ ಏಳುತ್ತಿದೆ.

ಈ ಪ್ರಶ್ನೆಯನ್ನು ಬಹುಪಾಲು ಜನ ‘ಓದು ದೊಡ್ಡದೋ, ದುಡಿಮೆ ದೊಡ್ಡದೋ’ ಎಂಬ ವಾದವಾಗಿ ಮಾಡಿಕೊಂಡು ಸೋಲುತ್ತಾರೆ. ವಾದದ ಬದಲು ಇವೆರಡರಲ್ಲಿ ಯಾವುದು ನಿಮಗಾಗಿ ಕಾಯಬಲ್ಲದು, ಯಾವುದು ಕಾಯಲಾರದು ಎಂಬುದನ್ನು ಕಾಗದಪತ್ರ ನೋಡಿ ಪತ್ತೆ ಮಾಡಿದರೆ ತೀರ್ಮಾನದ ಅರ್ಧ ಕೆಲಸ ಮುಗಿದಂತೆ. ಅದನ್ನು ಪತ್ತೆ ಮಾಡುವ ಕ್ರಮ ಹೀಗಿದೆ.

ಮೊದಲು ಪತ್ರವನ್ನು ಓದಿ

ಕೆಲಸ ಸಿಕ್ಕಿದೆ ಎಂದು ಫೋನಿನಲ್ಲಿ ಹೇಳಿದರೆ ಕೆಲಸ ಸಿಕ್ಕಂತಾಗುವುದಿಲ್ಲ. ಆಫರ್ ಲೆಟರ್ ಕೈಗೆ ಬರುವವರೆಗೆ ಕಾಲೇಜಿನಲ್ಲಿ ಯಾರಿಗೂ ಏನನ್ನೂ ಹೇಳುವ ಅಗತ್ಯವಿಲ್ಲ. ಪತ್ರ ಬಂದ ಮೇಲೆ ಅದನ್ನು ಕಳುಹಿಸಿದವರು ಯಾರೆಂದು ನೋಡಿ. ಕಾರ್ಖಾನೆಯ ಒಳಗೆ ಕೆಲಸ ಮಾಡಿದರೂ ಸಂಬಳ ಕೊಡುವವರು ಕಂಪನಿಯೇ ಆಗಿರಬೇಕೆಂದಿಲ್ಲ, ಮಾನವ ಸಂಪನ್ಮೂಲ ಒದಗಿಸುವ ಏಜೆನ್ಸಿಯೂ ಆಗಿರಬಹುದು. ಕಂಪನಿ ರೋಲ್ ಮತ್ತು ಏಜೆನ್ಸಿ ರೋಲ್ ನಡುವಿನ ಅಂತರ ಮೊದಲ ತಿಂಗಳ ಸಂಬಳದಲ್ಲಿ ಅಷ್ಟಾಗಿ ಕಾಣಿಸದಿದ್ದರೂ, ಆರ್ಡರ್ ಕಡಿಮೆಯಾಗಿ ಜನರನ್ನು ಇಳಿಸುವ ಕಾಲದಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ಆಮೇಲೆ ನೋಡಬೇಕಾದದ್ದು ಈ ಹುದ್ದೆಗೆ ಕೇಳಿರುವ ವಿದ್ಯಾರ್ಹತೆ. ನನ್ನ ದೃಷ್ಟಿಯಲ್ಲಿ ಇಡೀ ತೀರ್ಮಾನಕ್ಕೆ ಇದೇ ಕೀಲಿಕೈ. ಪಿಯುಸಿ ಅಥವಾ ಐಟಿಐ ಮುಗಿಸಿದವರನ್ನು ತೆಗೆದುಕೊಳ್ಳುವ ಅಸೆಂಬ್ಲಿ ಲೈನಿನ ಕೆಲಸವಾದರೆ, ಅಂತಹ ನೇಮಕಾತಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹತ್ತು ತಿಂಗಳ ನಂತರ ಪದವಿಯೊಂದಿಗೆ ಹೋದರೂ ಆ ಕೆಲಸ ಅಥವಾ ಅದರಂಥದ್ದೇ ಇನ್ನೊಂದು ಸಿಗುವ ಸಂಭವ ಹೆಚ್ಚು, ಅಂದರೆ ಅದು ಕಾಯುವ ಕೆಲಸ. ಪದವಿಯ ಕೊನೆಯ ವರ್ಷದಲ್ಲಿದ್ದೀರಿ ಎಂಬ ಕಾರಣಕ್ಕೇ ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಆರಿಸಿದ್ದರೆ, ‘ಎಲ್ಲ ಸೆಮಿಸ್ಟರ್‌ಗಳಲ್ಲಿ ತೇರ್ಗಡೆಯಾಗಿರಬೇಕು’ ಎಂಬ ಷರತ್ತು ಪತ್ರದೊಳಗೇ ಇರುವುದು ಸಾಮಾನ್ಯ. ಅಂತಹ ಪತ್ರ ಹಿಡಿದು ಓದು ಬಿಟ್ಟವರು ಕೊನೆಗೆ ಕೆಲಸವನ್ನೂ ಕಳೆದುಕೊಳ್ಳುತ್ತಾರೆ.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆಸಿಕೊಳ್ಳುವ ಬಾಂಡ್ ಇದ್ದರೆ ಎಚ್ಚರದಿಂದ ಓದಿ. ‘ಇಂಥವೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂದು ಗೆಳೆಯರು ಹೇಳಬಹುದು, ಆದರೆ ಆ ಮಾತನ್ನು ನಂಬಿ ಸಹಿ ಮಾಡುವಂತಿಲ್ಲ. ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂದು ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದು ತನ್ನ ಅಧಿಕಾರಿಗೆ ವಿಧಿಸಿದ್ದ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಎಲ್ಲ ಬಾಂಡ್‌ಗಳೂ ಹಾಗೆಯೇ ನಿಲ್ಲುತ್ತವೆ ಎಂದು ಇದರರ್ಥವಲ್ಲ, ಆದರೂ ಮೊತ್ತ ಎಷ್ಟು, ಅವಧಿ ಎಷ್ಟು, ಅದಕ್ಕೆ ಪ್ರತಿಯಾಗಿ ಕೊಡುವ ತರಬೇತಿ ಯಾವುದು ಎಂದು ತಿಳಿಯದೆ ಸಹಿ ಹಾಕಬಾರದು. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಕೊಡಲೇಬೇಡಿ. ನಕಲು ಪ್ರತಿ ಕೊಡಿ, ಮೂಲ ಪ್ರತಿಯನ್ನು ತೋರಿಸಿ ವಾಪಸು ತನ್ನಿ. ಕೆಲಸ ಕೊಡಲು ‘ಡಿಪಾಸಿಟ್’ ಅಥವಾ ಯೂನಿಫಾರಂ ಶುಲ್ಕ ಮುಂಗಡವಾಗಿ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಕಾಲೇಜಿನ ಬಾಗಿಲು ಎಷ್ಟು ದಿನ ತೆರೆದಿರುತ್ತದೆ?

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ‘ಒಂದು ವರ್ಷ ದುಡಿದು ಆಮೇಲೆ ಬಂದು ಮುಗಿಸುತ್ತೇನೆ’ ಎನ್ನುವವರು ಕಾಲೇಜಿನ ಕಚೇರಿಯಲ್ಲಿ ಮತ್ತು ಪರೀಕ್ಷಾ ವಿಭಾಗದಲ್ಲಿ ಮೂರು ಸಂಗತಿ ಕೇಳಬೇಕು: ಪದವಿ ಮುಗಿಸಲು ಇರುವ ಗರಿಷ್ಠ ಅವಧಿ ಎಷ್ಟು, ನಡುವೆ ಬಿಟ್ಟವರು ಮರಳಿ ಸೇರಲು ಏನು ನಿಯಮ, ನಾನು ಓದುತ್ತಿರುವ ಪಠ್ಯಕ್ರಮದಲ್ಲಿ ಪರೀಕ್ಷೆಯನ್ನು ಯಾವ ವರ್ಷದವರೆಗೆ ನಡೆಸುತ್ತೀರಿ.

ಮೂರನೆಯ ಪ್ರಶ್ನೆ ನಮ್ಮ ರಾಜ್ಯದಲ್ಲಿ ವಿಶೇಷವಾಗಿ ಮುಖ್ಯ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹೀಗೆ ಪಠ್ಯಕ್ರಮ ಬದಲಾದಾಗ, ಎರಡು ವರ್ಷ ಬಿಟ್ಟು ಬಂದ ವಿದ್ಯಾರ್ಥಿಗೆ ತಾನು ಓದಿದ ವಿಷಯವೇ ತರಗತಿಯಲ್ಲಿ ಇಲ್ಲದಂತಾಗಬಹುದು. ತೇರ್ಗಡೆಯಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ವಿದ್ಯಾರ್ಥಿಯ ಆನ್‌ಲೈನ್ ಖಾತೆಯಲ್ಲಿ ಜಮಾ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಗರಿಷ್ಠ ಏಳು ವರ್ಷದವರೆಗೆ ಬಳಸಿಕೊಳ್ಳಬಹುದು ಎಂಬ ನಿಯಮ ಇದೆ. ನಿಮ್ಮ ಕ್ರೆಡಿಟ್‌ಗಳು ಆ ಖಾತೆಗೆ ಸೇರಿವೆಯೇ ಎಂದು ಇಂದೇ ಲಾಗಿನ್ ಆಗಿ ನೋಡಿ. ಹಾಗೆಂದು ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಮತ್ತೆ ಸೀಟು ಸಿಕ್ಕಿತು ಎಂದು ತಿಳಿಯಬಾರದು.

‘ಕೆಲಸಕ್ಕೆ ಹೋಗುತ್ತಲೇ ಪರೀಕ್ಷೆ ಬರೆದುಬಿಡುತ್ತೇನೆ’ ಎಂಬ ಮಾತಿಗೆ ಅಡ್ಡ ಬರುವುದು ಹಾಜರಾತಿ. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇ 75 ಹಾಜರಾತಿ ಬೇಕು, ಜೊತೆಗೆ ಆಂತರಿಕ ಅಂಕಗಳಿಗೂ ತರಗತಿಯಲ್ಲಿ ಇರಬೇಕು. ಆದರೆ ಎಲ್ಲ ಸೆಮಿಸ್ಟರ್‌ಗಳ ತರಗತಿ ಮುಗಿದು, ಒಂದೆರಡು ವಿಷಯ ಮಾತ್ರ ಬಾಕಿ ಇರುವವರಿಗೆ ಈ ತೊಡಕಿಲ್ಲ. ಅವರು ಕೆಲಸಕ್ಕೆ ಸೇರಿ, ಪರೀಕ್ಷೆಯ ದಿನಗಳಿಗೆ ರಜೆ ಕೇಳಿಕೊಂಡರೆ ಸಾಕು.

ದೂರಶಿಕ್ಷಣ ಇನ್ನೊಂದು ದಾರಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋದಂತಹ ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಈಗಾಗಲೇ ಮುಗಿಸಿದ ಸೆಮಿಸ್ಟರ್‌ಗಳನ್ನು ಅಲ್ಲಿ ಪರಿಗಣಿಸುತ್ತಾರೆಯೇ, ಮೊದಲ ವರ್ಷದಿಂದಲೇ ಆರಂಭಿಸಬೇಕೇ ಎಂದು ಪ್ರವೇಶಕ್ಕೆ ಮೊದಲು ಕೇಳಿ ತಿಳಿಯಿರಿ. ಮೊದಲ ವರ್ಷದಲ್ಲೇ ಓದು ಬಿಡುವವರಿಗೆ ಈ ದಾರಿ ಚೆನ್ನಾಗಿ ಹೊಂದುತ್ತದೆ, ಐದನೆಯ ಸೆಮಿಸ್ಟರ್‌ನಲ್ಲಿ ಇರುವವರಿಗೆ ಅಷ್ಟಾಗಿ ಹೊಂದುವುದಿಲ್ಲ.

ಮನೆಯ ಲೆಕ್ಕವನ್ನು ಬರೆದು ನೋಡಿ

ಓದು ಮುಗಿಸುವುದಕ್ಕೂ ಒಂದು ಬೆಲೆ ಇದೆ ಎಂಬುದನ್ನು ಮನೆಯವರಿಂದ ಮುಚ್ಚಿಡಬಾರದು. ಒಟ್ಟು ಸಂಬಳ 18,000 ರೂಪಾಯಿ, ಅದರಲ್ಲಿ ಮೂಲವೇತನ 15,000 ಎಂದು ಇಟ್ಟುಕೊಳ್ಳೋಣ. ಪಿಎಫ್‌ಗೆ ಶೇ 12ರಂತೆ 1,800, ಇಎಸ್‌ಐಗೆ ಶೇ 0.75ರಂತೆ 135 ಕಡಿತವಾಗಿ ಕೈಗೆ 16,065 ಬರುತ್ತದೆ. ಪಿಎಫ್ ಹಣ ನಿಮ್ಮದೇ, ಕಂಪನಿಯ ಪಾಲೂ ಅದಕ್ಕೆ ಸೇರುತ್ತದೆ, ಆದರೆ ತಕ್ಷಣದ ಖರ್ಚಿಗೆ ಸಿಗುವುದಿಲ್ಲ. ಊಟ, ಬಟ್ಟೆ, ಫೋನು ಎಂದು 4,000 ಕಳೆದರೆ ಮನೆಗೆ ಉಳಿಯುವುದು 12,000ದ ಆಸುಪಾಸು. ಪದವಿಗೆ ಇನ್ನು ಹತ್ತು ತಿಂಗಳಿದ್ದರೆ ಅದನ್ನು ಮುಗಿಸಲು ಮನೆ ಬಿಟ್ಟುಕೊಡುವ ಹಣ ಸುಮಾರು 1 ಲಕ್ಷದ 20 ಸಾವಿರ. ಇದು ಸಣ್ಣ ಮೊತ್ತವಲ್ಲ. ಅದನ್ನು ಕೇಳಿ ಸುಮ್ಮನಾಗುವ ಅಪ್ಪ ಅಮ್ಮನ ಮೇಲೆ ಸಿಟ್ಟಾಗುವುದೂ ಸರಿಯಲ್ಲ.

ಈಗ ಮನೆಗೆ ನಿಜವಾಗಿ ಎಷ್ಟು ಹಣ ಬೇಕಾಗಿದೆ ಎಂದು ನೋಡಿ. ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಕೆಲಸಕ್ಕೆ ತಳ್ಳುವುದು ದಿನದ ಖರ್ಚಲ್ಲ, ಕೈಸಾಲದ ಬಡ್ಡಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 1 ಲಕ್ಷ ತಂದಿದ್ದರೆ ತಿಂಗಳಿಗೆ 3,000, ವರ್ಷಕ್ಕೆ 36,000 ಬಡ್ಡಿಗೇ ಹೋಗುತ್ತದೆ. ಮನೆಯಲ್ಲಿ ಒಡವೆ ಇದ್ದು, ಅದನ್ನು ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ಶೇ 10ರ ಬಡ್ಡಿಗೆ ಸಾಲ ಸಿಕ್ಕಿತೆಂದು ಇಟ್ಟುಕೊಂಡರೆ, ಅದೇ ಲಕ್ಷದ ಬಡ್ಡಿ ತಿಂಗಳಿಗೆ ಸುಮಾರು 833ಕ್ಕೆ ಇಳಿಯುತ್ತದೆ. ಕೈಸಾಲವನ್ನು ಹೀಗೆ ಬದಲಿಸಿಕೊಂಡರೆ ಓದು ಬಿಡಬೇಕಾದ ಒತ್ತಡವೇ ಕೆಲವು ಮನೆಗಳಲ್ಲಿ ಕರಗಿಹೋಗುತ್ತದೆ. ಇಷ್ಟು ನೋಡಿದ ಮೇಲೂ ಔಷಧಿಗೆ, ದಿನಸಿಗೆ ಹಣವಿಲ್ಲ ಎಂಬ ಸ್ಥಿತಿ ಇದ್ದರೆ ಕೆಲಸಕ್ಕೆ ಸೇರುವುದೇ ಸರಿ, ಅದಕ್ಕಾಗಿ ಯಾರೂ ನಾಚಿಕೆಪಡಬೇಕಾಗಿಲ್ಲ.

ಇನ್ನೊಂದು ಮಾತನ್ನು ಕೃಷಿಕ ಕುಟುಂಬಗಳಿಗೆ ಹೇಳಲೇಬೇಕು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬೆಲೆ ನೆಲಕಚ್ಚಿದ ವಾರದಲ್ಲಿ ಈ ತೀರ್ಮಾನ ಮಾಡಬೇಡಿ. ಬೆಲೆ ಏರಿದ ವಾರದಲ್ಲೂ ಬೇಡ. ಬೆಳೆಯ ಒಂದು ಪೂರ್ತಿ ವರ್ಷದ ಆದಾಯ ಹಿಡಿದು ಲೆಕ್ಕ ಹಾಕಿ.

ಶೈಕ್ಷಣಿಕ ಸಾಲ ಪಡೆದವರು ಬ್ಯಾಂಕಿಗೂ ಹೋಗಿ ಬನ್ನಿ. ಮರುಪಾವತಿ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಆರಂಭವಾಗುತ್ತದೆ. ನಡುವೆ ಓದು ನಿಲ್ಲಿಸಿದರೆ ಕಂತು ಯಾವಾಗಿನಿಂದ ಎಂದು ಕೇಳಿಕೊಳ್ಳಿ.

ಪದವಿ ಇಲ್ಲದಿದ್ದರೆ ಮುಚ್ಚುವ ದಾರಿಗಳು

ಇಂದಿನ ಸಂಬಳದಲ್ಲಿ ಪದವಿಯ ಬೆಲೆ ಕಾಣದೇ ಇರಬಹುದು. ಅದು ಕಾಣುವುದು ಅರ್ಜಿ ನಮೂನೆಗಳಲ್ಲಿ. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ ಸಾಕು, ಪ್ರಥಮ ದರ್ಜೆಗೆ ಪದವಿ ಬೇಕು. ಗ್ರಾಮ ಆಡಳಿತ ಅಧಿಕಾರಿಗೆ ಪಿಯುಸಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಪದವಿ. ಪೊಲೀಸ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಸಬ್ ಇನ್‌ಸ್ಪೆಕ್ಟರ್‌ಗೆ ಪದವಿ. ಬ್ಯಾಂಕುಗಳ ಐಬಿಪಿಎಸ್ ಪರೀಕ್ಷೆಯಲ್ಲಿ ಗುಮಾಸ್ತ ಹುದ್ದೆಗೂ ಪದವಿಯೇ ಅರ್ಹತೆ. ಬಿ.ಇಡಿ. ಮಾಡಿ ಶಿಕ್ಷಕರಾಗಬೇಕೆಂದರೂ ಹಾಗೆಯೇ. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯ ತಿಂಗಳ 3,000 ರೂಪಾಯಿ ನಿರುದ್ಯೋಗ ಭತ್ಯೆ ಕೂಡ ಪದವಿ ತೇರ್ಗಡೆಯಾಗಿ 180 ದಿನ ಕೆಲಸ ಸಿಗದವರಿಗೆ. ಈ ಪಟ್ಟಿಯಲ್ಲಿ ಯಾವುದೂ ನಿಮಗೆ ಬೇಡ ಎನ್ನಿಸಿದರೆ ಪದವಿಯ ತೂಕ ಕಡಿಮೆಯಾಗುತ್ತದೆ. ಒಂದಾದರೂ ಮನಸ್ಸಿನಲ್ಲಿದ್ದರೆ, ಕಾರ್ಖಾನೆಯಲ್ಲಿ ಐದು ವರ್ಷ ದುಡಿದ ಅನುಭವವೂ ಆ ಅರ್ಜಿಯ ಪದವಿಯ ಜಾಗವನ್ನು ತುಂಬಿಕೊಡುವುದಿಲ್ಲ.

ಹೆಣ್ಣುಮಕ್ಕಳು ಇನ್ನೂ ಒಂದು ಸಂಗತಿ ಯೋಚಿಸಬೇಕು. ಸ್ವಂತ ಸಂಬಳ ಬಂದರೆ ಮನೆಯಲ್ಲಿ ಮಾತಿಗೆ ಬೆಲೆ ಬರುತ್ತದೆ ಎಂಬುದು ನಿಜ, ಆ ಆಸೆ ನ್ಯಾಯವಾದದ್ದು. ಆದರೆ ಕಾಲೇಜು ಬಿಟ್ಟು ಸೇರಿದ ಕೆಲಸ ಯಾವುದೋ ಕಾರಣಕ್ಕೆ ನಿಂತರೆ, ಗಂಡುಮಕ್ಕಳಿಗೆ ಇನ್ನೊಂದು ಕೆಲಸ ಹುಡುಕುವ ಮನೆಯೇ ಹೆಣ್ಣುಮಗಳಿಗೆ ಗಂಡು ಹುಡುಕಲು ಹೊರಡುವುದುಂಟು. ಪದವಿ ಕೈಯಲ್ಲಿದ್ದರೆ ಬಿ.ಇಡಿ.ಗೋ ಬ್ಯಾಂಕ್ ಪರೀಕ್ಷೆಗೋ ಓದುತ್ತೇನೆ ಎಂದು ಹೇಳಲು ಅವಳಿಗೆ ಒಂದು ಆಧಾರ ಉಳಿಯುತ್ತದೆ.

ಸಮಯ ಕೇಳುವುದು

ಬಹಳಷ್ಟು ವಿದ್ಯಾರ್ಥಿಗಳು ಈ ಹೆಜ್ಜೆಯನ್ನೇ ಇಡುವುದಿಲ್ಲ, ಕೇಳಿದರೆ ಕೆಲಸವೇ ಹೋಗಿಬಿಡುತ್ತದೆ ಎಂಬ ಭಯ. ಎಚ್.ಆರ್. ವಿಭಾಗಕ್ಕೆ ಒಂದು ಇಮೇಲ್ ಬರೆಯಿರಿ: ಆಯ್ಕೆ ಮಾಡಿದ್ದಕ್ಕೆ ಕೃತಜ್ಞತೆ, ನನ್ನ ಕೊನೆಯ ಪರೀಕ್ಷೆ ಇಂಥ ತಿಂಗಳಲ್ಲಿ ಮುಗಿಯುತ್ತದೆ, ಅದಾದ ಮೇಲೆ ಸೇರಲು ಅವಕಾಶ ಕೊಡಬಹುದೇ, ಆಗದಿದ್ದರೆ ಪರೀಕ್ಷೆಯ ದಿನಗಳಿಗೆ ವೇತನರಹಿತ ರಜೆ ಸಿಗಬಹುದೇ. ಕಾಲೇಜಿನ ವ್ಯಾಸಂಗ ಪ್ರಮಾಣಪತ್ರವನ್ನು ಜೊತೆಗೆ ಲಗತ್ತಿಸಿ. ಒಪ್ಪಿದರೆ ಆ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಒಪ್ಪದಿದ್ದರೆ, ಆ ಕೆಲಸ ಕಾಯುವಂಥದ್ದಲ್ಲ ಎಂಬುದಾದರೂ ಖಚಿತವಾಗುತ್ತದೆ.

ಇಷ್ಟೆಲ್ಲ ಮಾಹಿತಿ ಕೈಯಲ್ಲಿದ್ದಾಗ ನನ್ನ ಅಭಿಪ್ರಾಯ ಹೀಗಿದೆ. ಒಂದು ಅಥವಾ ಎರಡು ಸೆಮಿಸ್ಟರ್ ಮಾತ್ರ ಉಳಿದಿದ್ದರೆ, ಮನೆಯಲ್ಲಿ ತೀವ್ರ ಸಂಕಟವಿಲ್ಲದಿದ್ದರೆ, ಮುಗಿಸಿ. ಎರಡು ವರ್ಷ ಉಳಿದಿದ್ದು, ಕಂಪನಿ ರೋಲ್‌ನಲ್ಲಿ ಕೈಗೊಂದು ಕಸುಬು ಕಲಿಸುವ ಕೆಲಸ ಸಿಕ್ಕಿದ್ದರೆ, ದೂರಶಿಕ್ಷಣಕ್ಕೆ ಹೆಸರು ನೋಂದಾಯಿಸಿಕೊಂಡು ಸೇರುವುದನ್ನು ನಾನು ತಪ್ಪು ಎನ್ನುವುದಿಲ್ಲ. ಏಜೆನ್ಸಿ ರೋಲ್‌ನ ಕೆಲಸಕ್ಕಾಗಿ ಆರನೆಯ ಸೆಮಿಸ್ಟರ್ ಬಿಡುವುದನ್ನು ಮಾತ್ರ ಒಪ್ಪಲಾರೆ.

ಕೆಲಸಕ್ಕೆ ಸೇರಲೇಬೇಕೆಂದು ತೀರ್ಮಾನಿಸಿದವರು ಕಾಲೇಜಿನಿಂದ ಹೇಳದೆ ಕೇಳದೆ ಮರೆಯಾಗಬೇಡಿ. ನಡೆಯುತ್ತಿರುವ ಸೆಮಿಸ್ಟರ್‌ನ ಪರೀಕ್ಷೆ ಹತ್ತಿರವಿದ್ದರೆ ಅದನ್ನು ಬರೆದೇ ಹೋಗಿ, ಅದರ ಕ್ರೆಡಿಟ್ ಉಳಿಯುತ್ತದೆ. ಪ್ರಾಂಶುಪಾಲರಿಗೆ ಕಾರಣ ತಿಳಿಸಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ಕೇಳಿ ಪಡೆಯಬೇಡಿ, ಅದನ್ನು ಪಡೆದರೆ ಅದೇ ಕಾಲೇಜಿಗೆ ಮರಳುವುದು ಕಷ್ಟವಾಗಬಹುದು. ಅಂಕಪಟ್ಟಿಗಳು, ಶುಲ್ಕದ ರಸೀದಿಗಳು, ನೋಂದಣಿ ಸಂಖ್ಯೆ ಇವೆಲ್ಲವನ್ನೂ ಒಂದು ಫೈಲಿನಲ್ಲಿಟ್ಟು, ಡಿಜಿಲಾಕರ್‌ನಲ್ಲಿ ಸಿಗುವುದನ್ನು ಅಲ್ಲಿಯೂ ಇಳಿಸಿಕೊಳ್ಳಿ. ತರಗತಿಯ ಒಬ್ಬ ಗೆಳೆಯನಿಗೋ ಗೆಳತಿಗೋ, ಮುಂದಿನ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನಾಂಕ ಪ್ರಕಟವಾದಾಗ ತಿಳಿಸುವಂತೆ ಹೇಳಿ ಹೊರಡಿ.