ಬಾಡಿಗೆಗೆ ಬಂದವರ ಆಧಾರ್ ಕಾರ್ಡನ್ನು ನಾನು ನೋಡುವ ರೀತಿ

ಬ್ಯಾಂಕಿನಲ್ಲಿ 31 ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ಖೋಟಾ ನೋಟು ಬಂದರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತಿತ್ತು. ನಿವೃತ್ತಿಯಾದ ಮೇಲೆ ಶಿವಮೊಗ್ಗದ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡಲು ಶುರು ಮಾಡಿದೆವು. ಬಂದವರ ಆಧಾರ್ ವಿಷಯದಲ್ಲಿ ಮಾತ್ರ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದು ಜೆರಾಕ್ಸ್ ಇಸ್ಕೊಂಡು ಫೈಲಿಗೆ ಹಾಕುವುದು, ಅಷ್ಟೇ.

ಅದು ಪರಿಶೀಲನೆ ಅಲ್ಲ. ಕಾರ್ಡಿನಲ್ಲಿ ಕಳ್ಳರಿಗೆ ಕಷ್ಟವಾಗಲಿ ಅಂತ ಏನೇನು ಅಡಗಿಸಿದ್ದಾರೋ, ಅದೆಲ್ಲ ಜೆರಾಕ್ಸ್ ಯಂತ್ರದೊಳಗೆ ಸತ್ತುಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಕಥೆಯೂ ಹಾಗೇ. ಆದ್ದರಿಂದ ಮೊದಲ ಮಾತು: ಅಸಲಿ ಕಾರ್ಡು ಕೈಗೆ ಬರಲಿ.

ಪ್ಲಾಸ್ಟಿಕ್ ಆಧಾರ್ ಕಾರ್ಡನ್ನು ಯುಐಡಿಎಐ, ಅಂದರೆ ಆಧಾರ್ ಕೊಡುವ ಸರ್ಕಾರಿ ಸಂಸ್ಥೆ, 2020ರ ಅಕ್ಟೋಬರಿನಲ್ಲಿ ಶುರು ಮಾಡಿತು. ಆಗ 50 ರೂಪಾಯಿ ಕಟ್ಟಿದರೆ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರುತ್ತಿತ್ತು. ಅಂಥ ಕಾರ್ಡು ಸಿಕ್ಕರೆ ಕಿಟಕಿ ಹತ್ತಿರ ಹೋಗಿ. ಟ್ಯೂಬ್‌ಲೈಟಿಗಿಂತ ಹಗಲು ಬೆಳಕು ಒಳ್ಳೆಯದು. ಕಾರ್ಡನ್ನು ನಿಧಾನವಾಗಿ ಓರೆ ಮಾಡಿ. ಹೊಲೊಗ್ರಾಮ್ ಆದರೆ ಓರೆ ಮಾಡಿದ ಹಾಗೆ ಬಣ್ಣ ಓಡಾಡುತ್ತದೆ, ಒಳಗಿನ ಚಿತ್ರವೂ ಬದಲಾಗುತ್ತದೆ. ಬರೀ ಹೊಳಪಿನ ಸ್ಟಿಕ್ಕರ್ ಅಂಟಿಸಿದ್ದರೆ ಮಿಂಚುತ್ತದೆ, ಬದಲಾಗುವುದಿಲ್ಲ. ಹಾಗೇ ಬೆರಳು ಆಡಿಸಿ. ಆಧಾರ್ ಲಾಂಛನವನ್ನು ಉಬ್ಬಾಗಿ ಒತ್ತಿರುತ್ತಾರೆ.

ಆಮೇಲೆ ಭೂತಗನ್ನಡಿ. ನನ್ನದು ಕೌಂಟರಿನ ಕಾಲದ್ದೇ, ಹಿಡಿಕೆ ಸವೆದುಹೋಗಿದೆ. 500 ರೂಪಾಯಿ ನೋಟಿನಲ್ಲಿ ‘ಇಂಡಿಯಾ’ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ ಇರುತ್ತದೆ ಅಲ್ವಾ, ಇಲ್ಲೂ ಅದೇ ಉಪಾಯ. ಬರಿಗಣ್ಣಿಗೆ ತೆಳ್ಳನೆಯ ಗೆರೆ. ಗಾಜು ಹಿಡಿದರೆ ಅಕ್ಷರಗಳ ಸಾಲು. ಹಿನ್ನೆಲೆಯಲ್ಲಿ ರಂಗೋಲಿ ಎಳೆ ಸುತ್ತಿದ ಹಾಗೆ ಒಂದರೊಳಗೊಂದು ಹೆಣೆದ ಗೆರೆಗಳಿವೆ, ಅದಕ್ಕೆ ಗಿಲೋಶ್ ಅನ್ನುತ್ತಾರೆ. ಸ್ಕ್ಯಾನ್ ಮಾಡಿ ಮತ್ತೆ ಪ್ರಿಂಟ್ ತೆಗೆದರೆ ಈ ಎಳೆಗಳು ಮೊದಲು ಕೆಡುತ್ತವೆ. ಗೆರೆ ಇದ್ದ ಕಡೆ ಬಣ್ಣದ ಚುಕ್ಕಿಗಳು ಕಾಣುತ್ತವೆ, ಸಣ್ಣಕ್ಷರ ಕಲೆಯ ಹಾಗೆ ಕದಡಿರುತ್ತದೆ.

ಫೋಟೋ ಒಂದೇ ಅಲ್ಲ, ಎರಡಿದೆ. ದೊಡ್ಡ ಫೋಟೋ ಬಿಟ್ಟು ಅದೇ ಮುಖದ ಮಸುಕು ಚಿತ್ರ ಇನ್ನೊಂದು ಇರುತ್ತದೆ. ಫೋಟೋ ಬದಲಾಯಿಸುವವರು ದೊಡ್ಡದನ್ನು ಬದಲಾಯಿಸಿ ಇದನ್ನು ಮರೆತಿರಬಹುದು. ಎರಡರ ಕಿವಿ, ಕೂದಲಿನ ಅಂಚು ಹೋಲಿಸಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಗುರುತುಗಳು ಇಲ್ಲ ಅಂದ ಮಾತ್ರಕ್ಕೆ ಎದುರಿಗಿರುವವರನ್ನು ಕಳ್ಳರು ಅಂದುಕೊಳ್ಳಬೇಡಿ. ಪೋಸ್ಟಿನಲ್ಲಿ ಬಂದ ಕಾಗದದ ಆಧಾರ್, ಡೌನ್‌ಲೋಡ್ ಮಾಡಿದ ಇ-ಆಧಾರ್ ಎಲ್ಲವೂ ಸಮಾನವಾಗಿ ಸಿಂಧು. ಎಷ್ಟೋ ಜನ ಪಾಪ, ಅಂಗಡಿಯಲ್ಲಿ ಪ್ಲಾಸ್ಟಿಕ್ ಮೇಲೆ ಪ್ರಿಂಟ್ ಹಾಕಿಸಿಕೊಂಡಿರುತ್ತಾರೆ. ಅಂಗಡಿ ಕಾರ್ಡಿನಲ್ಲಿ ಹೊಲೊಗ್ರಾಮೂ ಇಲ್ಲ, ಸಣ್ಣಕ್ಷರವೂ ಇಲ್ಲ. ಯುಐಡಿಎಐ ಅದನ್ನು ಬಳಸಬೇಡಿ ಅಂತ 2022ರಲ್ಲೇ ಹೇಳಿದೆ. ಆದರೆ ಅದನ್ನು ತಂದವರು ಪ್ರಾಮಾಣಿಕರೇ ಇರಬಹುದು.

ಹಾಗಾಗಿ ಕೊನೆಯ ತೀರ್ಪು ಕ್ಯೂಆರ್ ಕೋಡಿನದು. ನಾನು ಹೆಚ್ಚು ಹೊತ್ತು ಕಳೆಯುವುದು ಇದರ ಮೇಲೆಯೇ. ಹೊಸ ಕಾರ್ಡುಗಳ ಕ್ಯೂಆರ್‌ನೊಳಗೆ ಹೆಸರು, ಹುಟ್ಟಿದ ದಿನ, ವಿಳಾಸ, ಆಧಾರ್‌ನ ಕೊನೆಯ ನಾಲ್ಕು ಅಂಕಿ, ಜೊತೆಗೆ ಫೋಟೋ ಕೂಡ ಇದೆ. ಅಷ್ಟಕ್ಕೂ ಸೇರಿಸಿ ಯುಐಡಿಎಐನ ಡಿಜಿಟಲ್ ಸಹಿ ಇರುತ್ತದೆ. ಒಳಗಿನ ಒಂದೇ ಒಂದು ಅಕ್ಷರ ತಿದ್ದಿದರೂ ಸಹಿ ಕೂಡುವುದಿಲ್ಲ. ಹೊಸದಾಗಿ ಸಹಿ ಹಾಕಲು ಬೇಕಾದ ಕೀಲಿ ಯುಐಡಿಎಐ ಹತ್ತಿರ ಮಾತ್ರ ಇದೆ.

ಇದನ್ನು ಸಾಮಾನ್ಯ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದರೆ ಉದ್ದನೆಯ ಅಂಕಿಗಳ ಸಾಲು ಬರುತ್ತದೆ, ಗಾಬರಿಯಾಗಬೇಡಿ. ಯುಐಡಿಎಐನ ಸ್ವಂತ ಸ್ಕ್ಯಾನರ್ ಆಪ್ ಹಾಕಿಕೊಳ್ಳಿ. ಸಹಿ ಸರಿಯಿದ್ದರೆ ಅದು ವಿವರ ಮತ್ತು ಫೋಟೋ ತೋರಿಸುತ್ತದೆ. ಕೋಡ್ ಯಾವುದೋ ವೆಬ್‌ಸೈಟಿಗೆ ಕರೆದೊಯ್ದರೆ ಅಲ್ಲಿಗೇ ನಿಲ್ಲಿಸಿ. ತುಂಬ ಹಳೆಯ ಕಾರ್ಡುಗಳ ಕ್ಯೂಆರ್‌ನಲ್ಲಿ ಸಹಿ ಇರುತ್ತಿರಲಿಲ್ಲ. ಅಂಥವರಿಗೆ ‘ಹೊಸದಾಗಿ ಇ-ಆಧಾರ್ ಡೌನ್‌ಲೋಡ್ ಮಾಡ್ಕೊಂಡು ತೋರ್ಸಿ’ ಅಂತ ಕೇಳುತ್ತೇನೆ.

ಹಸಿರು ಟಿಕ್ ಬಂತು ಅಂತ ಸುಮ್ನೆ ಫೋನ್ ಕೆಳಗಿಡಬೇಡಿ. ನಮ್ಮ ಮನೆಗೆ ಬ್ರೋಕರ್ ಮೂಲಕ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಮಾತು, ಅಡ್ವಾನ್ಸ್ ಕೈಯಲ್ಲೇ ಹಿಡಿದಿದ್ದ. ಕ್ಯೂಆರ್ ಸ್ಕ್ಯಾನ್ ಆಯಿತು, ಸಹಿಯೂ ಸರಿ ಇತ್ತು. ಪರದೆ ಮೇಲೆ ಬಂದದ್ದು ಮಾತ್ರ ಬೇರೆ ಜಿಲ್ಲೆಯ, ಐವತ್ತು ದಾಟಿದ ಹೆಂಗಸಿನ ಮುಖ. ಯಾರದೋ ಕಾರ್ಡಿನ ಕ್ಯೂಆರ್ ಕತ್ತರಿಸಿ ಇವನ ಕಾರ್ಡಿಗೆ ಸೇರಿಸಿದ್ದರು. ಆ ತಾಯಿಗೆ ಗೊತ್ತೇ ಇರಲಿಕ್ಕಿಲ್ಲ ಅಂತ ನೆನೆದು ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಮೂರು ಮುಖ ಹೋಲಿಸುತ್ತೇನೆ: ಪರದೆ ಮೇಲಿನದು, ಕಾರ್ಡಿನ ಮೇಲಿನದು, ಎದುರಿಗೆ ಕೂತಿರುವುದು. ಹೆಸರು, ಕೊನೆಯ ನಾಲ್ಕು ಅಂಕಿಯನ್ನೂ ಅಷ್ಟೇ.

ಆ ಹನ್ನೆರಡು ಅಂಕಿಯಲ್ಲೂ ಒಂದು ಬೀಗ ಇದೆ. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ಕೊನೆಯದು ಹಿಂದಿನ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು. ಡಚ್ ಗಣಿತಜ್ಞ ವೆರ್ಹೂಫ್ ಕಂಡುಹಿಡಿದ ಲೆಕ್ಕ ಇದು. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅದಲುಬದಲಾದರೂ ಸಿಕ್ಕಿಬೀಳುತ್ತದೆ.

ಮುಖ, ಹೆಸರು, ಅಂಕಿ ಯಾವುದಾದರೂ ಹೊಂದದಿದ್ದರೆ ಜಗಳಕ್ಕೆ ಹೋಗಬೇಡಿ. ಬೇರೆ ಗುರುತಿನ ಚೀಟಿ ಕೇಳಿ, ಕೀ ಕೊಡಬೇಡಿ. ಆಧಾರ್ ಬಗ್ಗೆ ಅನುಮಾನ ಇದ್ದರೆ ಯುಐಡಿಎಐ ಸಹಾಯವಾಣಿ 1947ಕ್ಕೆ ಫೋನ್ ಮಾಡಬಹುದು. ಮೋಸ ಅಂತ ಖಚಿತವಾದರೆ ಪೊಲೀಸರಿಗೆ ತಿಳಿಸಿ.

ನನ್ನ ಫೈಲಿನಲ್ಲಿದ್ದ ಹಳೆಯ ಜೆರಾಕ್ಸ್‌ಗಳನ್ನೆಲ್ಲ ಹರಿದು ಒಲೆಗೆ ಹಾಕಿದ್ದೇನೆ. ಯಾರದೋ ಪೂರ್ತಿ ನಂಬರು ನನ್ನ ಬೀರುವಿನಲ್ಲಿ ಯಾಕೆ ಬೇಕು? ಈಗ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ತನ್ನಿ ಅಂತ ನಾನೇ ಹೇಳುತ್ತೇನೆ. ಎದುರಿಗೇ ಸ್ಕ್ಯಾನ್ ಮಾಡಿ, ಪುಸ್ತಕದಲ್ಲಿ ಹೆಸರು, ತಾರೀಕು, ಕೊನೆಯ ನಾಲ್ಕು ಅಂಕಿ ಬರೆದುಕೊಂಡು ವಾಪಸ್ ಕೊಡುತ್ತೇನೆ. ಕಾಫಿ ಕುದಿಯುವಷ್ಟರಲ್ಲಿ ಮುಗಿಯುತ್ತದೆ.