ಕನ್ನಡ ಡೇಟಾ, ಕಡಿದು ಬರುವ ನೆಟ್: ಲಾರಾವೆಲ್ ದೋಷ ಹುಡುಕುವ ನನ್ನ ಕ್ರಮ

ಹಾಸನ, ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ವ್ಯಾಪಾರಿಗಳಿಗೆ, ಆಲೂಗಡ್ಡೆ ಮಂಡಿಗಳಿಗೆ, ಸಣ್ಣ ಸಹಕಾರ ಸಂಘಗಳಿಗೆ ನಾನು ಮಾಡಿಕೊಡುವ ತೂಕ-ಬಿಲ್ಲಿನ ತಂತ್ರಾಂಶವೆಲ್ಲ ಪಿಎಚ್‌ಪಿ ಭಾಷೆಯ ವೆಬ್ ಫ್ರೇಮ್‌ವರ್ಕ್ (ತಂತ್ರಾಂಶ ಕಟ್ಟುವ ಸಿದ್ಧ ಚೌಕಟ್ಟು) ಆದ ಲಾರಾವೆಲ್‌ನಲ್ಲಿದೆ. ಇಲ್ಲಿ ಎದುರಾಗುವ ತೊಂದರೆಗಳಲ್ಲಿ ಫ್ರೇಮ್‌ವರ್ಕಿನದೇ ದೋಷ ಅನ್ನುವಂಥದ್ದು ತೀರಾ ಕಡಿಮೆ. ಹೆಚ್ಚಿನವು ಮೂರು ಕಡೆಯಿಂದ ಬರುತ್ತವೆ: ಕನ್ನಡ ಅಕ್ಷರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕೋಡು, ವಿಂಡೋಸ್‌ನಲ್ಲಿ ಬರೆದು ಲಿನಕ್ಸ್ ಸರ್ವರಿಗೆ ಏರಿಸುವಾಗಿನ ವ್ಯತ್ಯಾಸ, ಮಳೆ ಬಂದರೆ ಕಡಿದುಹೋಗುವ ನೆಟ್. ದೋಷದ ಸಾಲನ್ನು ಹಾಗೇ ಗೂಗಲ್‌ಗೆ ಹಾಕುವ ಮೊದಲು ಅದು ಎಲ್ಲಿ ಹುಟ್ಟಿತು ಅಂತ ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಪರದೆ ಮೇಲೆ 500 (ಸರ್ವರ್ ದೋಷ) ಅಂತ ಬಂದರೆ ನಾನು ಮೊದಲು ತೆರೆಯುವುದು ಸ್ಟೋರೇಜ್ ಫೋಲ್ಡರಿನ ಲಾಗ್ಸ್ ಒಳಗಿರುವ ಲಾರಾವೆಲ್ ಲಾಗ್. ಉದ್ದನೆಯ ಪಟ್ಟಿಯಲ್ಲಿ ಕೊನೆಯ ಸಾಲನ್ನಲ್ಲ, ದಿನಾಂಕ-ಸಮಯದಿಂದ ಶುರುವಾಗುವ ಮೊದಲ ಸಾಲನ್ನು ಓದಬೇಕು. ಅದರ ಕೆಳಗೆ ವೆಂಡರ್ ಫೋಲ್ಡರಿನ (ಹೊರಗಿನವರ ಕೋಡಿನ) ಸಾಲುಗಳನ್ನೆಲ್ಲ ಬಿಟ್ಟು, ನಮ್ಮ ಆ್ಯಪ್ ಫೋಲ್ಡರಿನ ಹೆಸರು ಎಲ್ಲಿ ಮೊದಲು ಸಿಗುತ್ತದೋ ಅಲ್ಲಿಗೆ ಹೋಗಬೇಕು. ಲಾಗ್‌ನಲ್ಲಿ ಏನೂ ಬಿದ್ದಿಲ್ಲವೆಂದರೆ ಅದೇ ಒಂದು ಸುಳಿವು. ಒಂದೋ ಕೋರಿಕೆ ಲಾರಾವೆಲ್‌ವರೆಗೆ ಬಂದೇ ಇಲ್ಲ, ಇಲ್ಲವೇ ಲಾಗ್ ಬರೆಯಲು ಅದಕ್ಕೆ ಅನುಮತಿಯಿಲ್ಲ. ಆಗ ವೆಬ್ ಸರ್ವರಿನ, ಅಂದರೆ ಎಂಜಿನ್‌ಎಕ್ಸ್ ಅಥವಾ ಅಪಾಚೆಯ ಎರರ್ ಲಾಗ್ ನೋಡಿ.

ಅನುಮತಿಯ ತೊಂದರೆ ಸಾಮಾನ್ಯವಾಗಿ ಹುಟ್ಟುವುದು ಹೀಗೆ: ಸರ್ವರಿನಲ್ಲಿ ರೂಟ್ ಆಗಿ ಲಾಗಿನ್ ಆಗಿ ಆರ್ಟಿಸನ್ (ಲಾರಾವೆಲ್‌ನ ಆದೇಶ-ಸಾಲಿನ ಸಾಧನ) ಆದೇಶ ಓಡಿಸಿರುತ್ತೇವೆ. ಆ ದಿನದ ಲಾಗ್ ಫೈಲು ರೂಟ್‌ನ ಹೆಸರಿನಲ್ಲಿ ಹುಟ್ಟುತ್ತದೆ. ವೆಬ್ ಸರ್ವರ್ ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ, ಉಬುಂಟುವಿನಲ್ಲಾದರೆ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ಅದಕ್ಕೆ ಈ ಫೈಲಿಗೆ ಬರೆಯಲಾಗದು. ಸ್ಟೋರೇಜ್ ಮತ್ತು ಬೂಟ್‌ಸ್ಟ್ರ್ಯಾಪ್ ಒಳಗಿನ ಕ್ಯಾಶ್, ಈ ಎರಡು ಫೋಲ್ಡರುಗಳ ಒಡೆತನವನ್ನು ವೆಬ್ ಬಳಕೆದಾರನಿಗೆ ಕೊಟ್ಟು ಫೋಲ್ಡರಿಗೆ 775, ಫೈಲಿಗೆ 664 ಇಟ್ಟರೆ ಸಾಕು. 777 ಕೊಟ್ಟರೂ ಕೆಲಸ ನಡೆಯುತ್ತದೆ, ಆದರೆ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಪಕ್ಕದ ಸೈಟಿನವರೂ ನಿಮ್ಮ ಫೈಲಿಗೆ ಬರೆಯಬಹುದು. ಮುಂದೆ ಆರ್ಟಿಸನ್ ಓಡಿಸುವಾಗ ಸುಡೋ ಜೊತೆ ವೆಬ್ ಬಳಕೆದಾರನ ಹೆಸರಿನಲ್ಲೇ ಓಡಿಸಿ, ಈ ತೊಂದರೆ ಮತ್ತೆ ಬರುವುದಿಲ್ಲ.

ಪಾಸ್‌ವರ್ಡ್, ಕೀ ಮುಂತಾದ ಸೆಟ್ಟಿಂಗ್ ಇಡುವ ಡಾಟ್ ಎನ್ವ್ ಫೈಲ್ ಬದಲಿಸಿದರೂ ಪರಿಣಾಮ ಕಾಣದಿದ್ದರೆ ಕಾರಣ ಕಾನ್ಫಿಗ್ ಕ್ಯಾಶ್. ಕಾನ್ಫಿಗ್:ಕ್ಯಾಶ್ ಆದೇಶ ಓಡಿಸಿದ ಮೇಲೆ ಲಾರಾವೆಲ್ ಆ ಫೈಲನ್ನು ಓದುವುದೇ ಇಲ್ಲ. ಹಾಗಾಗಿ ಕಂಟ್ರೋಲರ್ ಅಥವಾ ಬ್ಲೇಡ್ ಒಳಗೆ ನೇರವಾಗಿ ಎನ್ವ್ ಫಂಕ್ಷನ್ ಕರೆದಿದ್ದರೆ ಉತ್ತರ ನಲ್. ನಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಿದ್ದು ಸರ್ವರಿನಲ್ಲಿ ಮಾತ್ರ ಎಸ್ಸೆಮ್ಮೆಸ್ ಕೀ ಖಾಲಿ ಬರುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಎನ್ವ್ ಕರೆ ಕಾನ್ಫಿಗ್ ಫೋಲ್ಡರಿನ ಫೈಲುಗಳಲ್ಲಿ ಮಾತ್ರ ಇರಬೇಕು, ಉಳಿದೆಡೆ ಕಾನ್ಫಿಗ್ ಫಂಕ್ಷನ್. ಇನ್ನೊಂದು: ಪಾಸ್‌ವರ್ಡಿನಲ್ಲಿ ಹ್ಯಾಶ್ ಚಿಹ್ನೆ ಅಥವಾ ಖಾಲಿ ಜಾಗ ಇದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಉದ್ಧರಣ ಚಿಹ್ನೆ ಇಲ್ಲದೆ ಹ್ಯಾಶ್ ಬಂದರೆ ಅಲ್ಲಿಂದ ಮುಂದಿನದು ಟಿಪ್ಪಣಿಯಾಗಿ ಹೋಗುತ್ತದೆ.

ಇನ್ನು ಕನ್ನಡದ ವಿಷಯ. ಇದರ ಬಗ್ಗೆ ಇಂಗ್ಲಿಷ್ ಪಾಠಗಳಲ್ಲಿ ಏನೂ ಸಿಗುವುದಿಲ್ಲ, ನಮ್ಮ ಭಾಗದಲ್ಲಿ ಗ್ರಾಹಕರ ದೂರು ಮಾತ್ರ ಬಹುಪಾಲು ಇಲ್ಲೇ.

ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ "ಟೇಬಲನ್ನು ಯುಟಿಎಫ್8ಎಂಬಿ4 ಮಾಡಿ" (ಅಂದರೆ ಅಕ್ಷರಕ್ಕೆ 4 ಬೈಟ್‌ವರೆಗೆ ಹಿಡಿಯುವ ಕ್ಯಾರೆಕ್ಟರ್ ಸೆಟ್) ಅಂತ ಎಲ್ಲರೂ ಹೇಳುತ್ತಾರೆ. ಸಲಹೆ ಒಳ್ಳೆಯದೇ, ಕಾರಣ ಬೇರೆ. ಕನ್ನಡದ ಪ್ರತಿ ಸಂಕೇತಕ್ಕೆ (ಯೂನಿಕೋಡಿನ ಒಂದೊಂದು ಬಿಡಿ ಗುರುತಿಗೆ) ಬೇಕಾಗುವುದು 3 ಬೈಟ್. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ಕೂಡ 3 ಬೈಟ್ ಹಿಡಿಯುತ್ತದೆ, ಅದು ಸೋಲುವುದು ಎಮೋಜಿಯಂಥ 4 ಬೈಟಿನವುಗಳಿಗೆ. ಕನ್ನಡ ಕೆಟ್ಟಿದೆಯೆಂದರೆ ನಡುವೆ ಎಲ್ಲೋ ರೋಮನ್ ಅಕ್ಷರಕ್ಕಷ್ಟೇ ಜಾಗವಿರುವ ಲ್ಯಾಟಿನ್1 ಇದೆ. ಎಲ್ಲಿ ಅಂತ ತಿಳಿಯಲು ಬ್ರೌಸರನ್ನು ನಂಬಬೇಡಿ, ಡೇಟಾಬೇಸಿನಲ್ಲೇ ಹೆಕ್ಸ್ ಫಂಕ್ಷನ್ ಹಾಕಿ ಬೈಟ್ ನೋಡಿ.

"ಹಾಸನ" ಎಂಬುದಕ್ಕೆ 3ಎಫ್ ನಾಲ್ಕು ಸಲ ಬಂದರೆ ಅದು ನಿಜವಾಗಿಯೂ ನಾಲ್ಕು ಪ್ರಶ್ನಾರ್ಥಕ ಚಿಹ್ನೆ, ಮೂಲ ಹೋಗಿಯೇಬಿಟ್ಟಿದೆ, ಬ್ಯಾಕಪ್ ಬಿಟ್ಟರೆ ದಾರಿಯಿಲ್ಲ. ಕಾನ್ಫಿಗ್‌ನಲ್ಲಿ ಸ್ಟ್ರಿಕ್ಟ್ ಅನ್ನು ಫಾಲ್ಸ್ ಮಾಡಿಟ್ಟ ಕಡೆ ಹೀಗಾಗುತ್ತದೆ. ಟ್ರೂ ಇದ್ದರೆ 1366 ಸಂಖ್ಯೆಯ ದೋಷ ಕೊಟ್ಟು ಉಳಿಸುವುದನ್ನೇ ನಿರಾಕರಿಸುತ್ತದೆ, ಆದ್ದರಿಂದ ಅದನ್ನು ಫಾಲ್ಸ್ ಮಾಡಬೇಡಿ. ಇ0 ಬಿ2 ಅಥವಾ ಇ0 ಬಿ3ಯಿಂದ ಶುರುವಾಗುವ ಬೈಟುಗಳಿದ್ದು ಕಾಲಮ್ಮಿನ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಆಗಿದ್ದರೆ ಡೇಟಾ ಸರಿಯಿದೆ, ಹಣೆಪಟ್ಟಿ ಮಾತ್ರ ತಪ್ಪು. ಕಾಲಮ್ಮನ್ನು ಮೊದಲು ಬ್ಲಾಬ್ (ಬರೀ ಬೈಟುಗಳ ಕಾಲಮ್) ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಪಠ್ಯವಾಗಿಸಿ. ನೇರವಾಗಿ ಬದಲಿಸಿದರೆ ಮೈಎಸ್‌ಕ್ಯೂಎಲ್ ಅದನ್ನು ಇನ್ನೊಮ್ಮೆ ಪರಿವರ್ತಿಸಿ ಕೆಡಿಸುತ್ತದೆ. ಹಾಗೆ ಕೆಟ್ಟದ್ದರ ಗುರುತು ಸಿ3 ಎ0 ಸಿ2 ಬಿ2. ಪರದೆಯಲ್ಲಿ ತಲೆಯ ಮೇಲೆ ಗೆರೆಯಿರುವ ರೋಮನ್ ಅಕ್ಷರ, ಪಕ್ಕದಲ್ಲಿ ಪುಟ್ಟ 2 ಅಥವಾ 3 ಕಾಣುತ್ತದೆ. ಇದನ್ನು ಲ್ಯಾಟಿನ್1ಗೆ ಪರಿವರ್ತಿಸಿ, ಬೈನರಿಗೆ ಕಾಸ್ಟ್ ಮಾಡಿ, ಮತ್ತೆ ಯುಟಿಎಫ್8ಎಂಬಿ4 ಎಂದು ಓದಿಸಿದರೆ ಮರಳಿ ಬರುತ್ತದೆ. ಯಾವುದಕ್ಕೂ ಮುಂಚೆ ಡಂಪ್ ತೆಗೆದಿಟ್ಟುಕೊಳ್ಳಿ.

ಇದೆಲ್ಲದರ ಹೊರಗೆ ಇನ್ನೊಂದು ಬಗೆಯಿದೆ. ಸಂಘಗಳ ಹಳೆಯ ಸದಸ್ಯರ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಾಗಿರುತ್ತದೆ. ಅಲ್ಲಿರುವುದು ಕನ್ನಡವೇ ಅಲ್ಲ, ರೋಮನ್ ಸಂಕೇತಗಳಿಗೆ ತೊಡಿಸಿದ ಕನ್ನಡದ ಆಕಾರ. ಡೇಟಾಬೇಸಿನಲ್ಲಿ ಏನು ಬದಲಿಸಿದರೂ ಅದು ಸರಿಯಾಗದು. ಆಮದು ಮಾಡುವ ಮೊದಲೇ ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಒಬ್ಬರು ಕೂತು ಕಣ್ಣಾರೆ ನೋಡಲೇಬೇಕು.

ಅಕ್ಷರದ ಎಣಿಕೆಗೆ ಬರೋಣ. "ಚಿಕ್ಕಮಗಳೂರು" ನಮ್ಮ ಕಣ್ಣಿಗೆ 6 ಅಕ್ಷರ. ಯೂನಿಕೋಡಿನಲ್ಲಿ 11 ಸಂಕೇತ, ಬೈಟಿನಲ್ಲಿ 33. ಲಾರಾವೆಲ್‌ನ ಮ್ಯಾಕ್ಸ್ ನಿಯಮ ಮತ್ತು ಮೈಎಸ್‌ಕ್ಯೂಎಲ್‌ನ ವಾರ್‌ಚಾರ್ ಎರಡೂ ಎಣಿಸುವುದು ಸಂಕೇತಗಳನ್ನು. ಇಂಗ್ಲಿಷ್ ಹೆಸರಿಗೆ 30 ಅಂತ ಮಿತಿ ಇಟ್ಟ ಕಡೆ ಕನ್ನಡಕ್ಕೆ 60 ಇಡಿ. ಸ್ಟ್ರಿಂಗ್ ಲಿಮಿಟ್‌ನಿಂದ ಹೆಸರನ್ನು ಮೊಟಕು ಮಾಡಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು, ಕೊನೆಯಲ್ಲಿ ಅರ್ಧ ಅಕ್ಷರ ನೇತಾಡುತ್ತದೆ. ಇಂಟ್ಲ್ ಎಕ್ಸ್‌ಟೆನ್ಷನ್ ಹಾಕಿಕೊಂಡು ಗ್ರ್ಯಾಫೀಮ್ ಸಬ್‌ಸ್ಟ್ರಿಂಗ್ ಬಳಸಿದರೆ ಕಾಗುಣಿತದ ಚಿಹ್ನೆ ತನ್ನ ವ್ಯಂಜನದ ಜೊತೆಗೇ ಉಳಿಯುತ್ತದೆ.

ಹೆಸರಿನಿಂದ ವೆಬ್ ವಿಳಾಸದ ತುಣುಕು ಮಾಡುವ ಸ್ಲಗ್ ಫಂಕ್ಷನ್ ಕನ್ನಡಕ್ಕೆ ಒಗ್ಗುವುದಿಲ್ಲ. ಸುಮ್ಮನೆ ಕೊಟ್ಟರೆ ರೋಮನ್ ಲಿಪಿಗೆ ಇಳಿಸಲು ಹೋಗುತ್ತದೆ. ಅದನ್ನು ತಪ್ಪಿಸಲು ಭಾಷೆಯ ಜಾಗದಲ್ಲಿ ನಲ್ ಕೊಟ್ಟರೆ "ಬೇಲೂರು" ಹೋಗಿ "ಬಲರ" ಆಗುತ್ತದೆ. ಕಾರಣ ಸ್ಪಷ್ಟ: ಅದು ಉಳಿಸಿಕೊಳ್ಳುವುದು ಯೂನಿಕೋಡಿನ ಅಕ್ಷರ ಮತ್ತು ಅಂಕಿ ವರ್ಗಗಳನ್ನು ಮಾತ್ರ. ನಮ್ಮ ಗುಣಿತದ ಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ಮಾರ್ಕ್ ವರ್ಗದಲ್ಲಿವೆ. ಆ ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ಮಾರ್ಕ್ ವರ್ಗ ಸೇರಿಸಿದ ನಾಲ್ಕು ಸಾಲಿನ ಸ್ವಂತ ಫಂಕ್ಷನ್ ಬರೆದಿಟ್ಟುಕೊಳ್ಳುವುದು ವಾಸಿ. ಅಕ್ಷರ ಮಾತ್ರ ಒಪ್ಪುವ ಆಲ್ಫಾ ನಿಯಮದಲ್ಲಿ ಮಾರ್ಕ್ ವರ್ಗ ಇದೆ, ಹಾಗಾಗಿ "ಬೇಲೂರು" ಒಪ್ಪಿಗೆಯಾಗುತ್ತದೆ. ಆದರೆ ಇನಿಷಿಯಲ್ಲಿನ ಚುಕ್ಕಿ, ಹೆಸರಿನ ನಡುವಿನ ಖಾಲಿ ಜಾಗ, ಕೀಲಿಮಣೆ ಸೇರಿಸುವ ಕಾಣದ ಜೋಡಣೆ-ತಡೆ ಸಂಕೇತ, ಇವು ಮೂರೂ ಅದಕ್ಕೆ ಸಲ್ಲವು. ನಮ್ಮೂರಿನ ಹೆಸರುಗಳಿಗೆ ಈ ನಿಯಮ ಹಾಕಲೇಬೇಡಿ.

ಹುಡುಕಿದರೆ ಸಿಗದ ಹೆಸರಿಗೂ ಇಲ್ಲೇ ಉತ್ತರವಿದೆ. "ಕೊ" ಬರೆಯಲು ಒಂದೇ ಚಿಹ್ನೆಯೂ ಆಗಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಸೇರಿಸಿಯೂ ಆಗಬಹುದು. ಕಣ್ಣಿಗೆ ಎರಡೂ ಒಂದೇ, ಕೋಡಿಗೆ ಬೇರೆ ಬೇರೆ. ಉಳಿಸುವ ಮುನ್ನ ನಾರ್ಮಲೈಸರ್‌ನಲ್ಲಿ ಎನ್‌ಎಫ್‌ಸಿ (ಒಂದೇ ಚಿಹ್ನೆಯ) ರೂಪಕ್ಕೆ ತಂದು, ಜೋಡಣೆ-ತಡೆ ಸಂಕೇತ ತೆಗೆದ ಪ್ರತಿಯೊಂದನ್ನು ಹುಡುಕಾಟಕ್ಕೆಂದೇ ಬೇರೆ ಕಾಲಮ್ಮಿನಲ್ಲಿಡಿ. ಹುಡುಕುವ ಪದವನ್ನೂ ಹಾಗೇ ಶುಚಿ ಮಾಡಿ.

ಪಿಡಿಎಫ್ ಬಿಲ್ಲಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಫಾಂಟ್ ಬದಲಿಸುತ್ತಾ ಹೊತ್ತು ಕಳೆಯಬೇಡಿ. ಪಿಡಿಎಫ್ ತಯಾರಿಸುವ ಡಾಮ್‌ಪಿಡಿಎಫ್‌ಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ. ಎಂಪಿಡಿಎಫ್‌ನಲ್ಲಿ ಫಾಂಟಿಗೆ ಯೂಸ್‌ಒಟಿಎಲ್ ಆಯ್ಕೆ ಹಾಕಿ, ಅಥವಾ ಸರ್ವರಿನಲ್ಲಿ ಕ್ರೋಮ್ ಇಟ್ಟು ಅದರಿಂದ ಮುದ್ರಿಸಿ. ಎಕ್ಸೆಲ್‌ಗೆ ಕೊಡುವ ಸಿಎಸ್‌ವಿ ಫೈಲಿನ ತಲೆಗೆ ಬಿಒಎಂ ಎಂಬ 3 ಬೈಟ್ ಇರಬೇಕು, ಇಲ್ಲದಿದ್ದರೆ ಕನ್ನಡ ಕಲಸಿಹೋಗುತ್ತದೆ. ಅದೇ ಫೈಲನ್ನು ವಾಪಸ್ ಓದುವಾಗ ಆ 3 ಬೈಟ್ ತೆಗೆಯದಿದ್ದರೆ ಮೊದಲ ಕಾಲಮ್ಮಿನ ಹೆಸರು ಮಾತ್ರ ಹೊಂದುವುದಿಲ್ಲ.

ದಿನಾಂಕದಲ್ಲಿ ಎರಡು ಅಪಾಯ. ಕಾನ್ಫಿಗ್‌ನಲ್ಲಿ ಸಮಯವಲಯ ಮೊದಲಿಗೆ ಯುಟಿಸಿ ಇರುತ್ತದೆ, ನಮ್ಮ ಗಡಿಯಾರಕ್ಕಿಂತ 5 ಗಂಟೆ 30 ನಿಮಿಷ ಹಿಂದೆ. ಬೆಳಗಿನ ಜಾವ 5ಕ್ಕೆ ಲೋಡಾದ ಆಲೂಗಡ್ಡೆ ಲಾರಿಯ ಬಿಲ್ಲು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಒಂದೇ ಊರಿನ ವ್ಯಾಪಾರಕ್ಕೆ ಏಷ್ಯಾ/ಕೋಲ್ಕತ್ತಾ ಇಟ್ಟುಬಿಡುವುದು ಸುಲಭ, ಆದರೆ ಡೇಟಾ ತುಂಬುವ ಮೊದಲೇ ಇಡಿ. ನಡುವೆ ಬದಲಿಸಿದರೆ ಹಳೆಯ ಸಾಲುಗಳು ಯುಟಿಸಿಯಲ್ಲೇ ಉಳಿದು ಲೆಕ್ಕ ಬೆರೆತುಹೋಗುತ್ತದೆ. ಎರಡನೆಯದು ದಿನಾಂಕ ಓದುವ ಲೈಬ್ರರಿ ಕಾರ್ಬನ್‌ನ ಪಾರ್ಸ್. 05/11/2024 ಅನ್ನು ಅದು ಅಮೆರಿಕದ ಕ್ರಮದಲ್ಲಿ ಮೇ 11 ಎಂದು ಓದುತ್ತದೆ, 05-11-2024 ಅನ್ನು ನವೆಂಬರ್ 5 ಎಂದು. 25/11/2024 ಕೊಟ್ಟರೆ ದೋಷ. ತಿಂಗಳ ಮೊದಲ 12 ದಿನ ತಪ್ಪು ಸದ್ದಿಲ್ಲದೆ ಒಳಗೆ ಹೋಗಿ 13ರಂದು ತಂತ್ರಾಂಶ ನಿಂತರೆ ಇದೇ ಕಾರಣ. ಕ್ರಿಯೇಟ್ ಫ್ರಮ್ ಫಾರ್ಮ್ಯಾಟ್ ಬಳಸಿ ಕ್ರಮವನ್ನು ನಾವೇ ಹೇಳಬೇಕು.

ವಿಂಡೋಸ್‌ನಲ್ಲಿ ಓಡಿ ಸರ್ವರಿನಲ್ಲಿ "ಕ್ಲಾಸ್ ಸಿಗಲಿಲ್ಲ" ಅಂದರೆ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ-ಸಣ್ಣಕ್ಷರ ನೋಡಿ. ವಿಂಡೋಸ್ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಹೆಸರು ತಿದ್ದಿದರೂ ವಿಂಡೋಸಿನ ಗಿಟ್ ಆ ಬದಲಾವಣೆಯನ್ನು ಗುರುತಿಸದೆ ಇರಬಹುದು, ಆದ್ದರಿಂದ ಗಿಟ್ ಎಂವಿ ಆದೇಶದಿಂದ ಮೊದಲು ಬೇರೆ ಹೆಸರಿಗೆ, ಅಲ್ಲಿಂದ ಸರಿಯಾದ ಹೆಸರಿಗೆ ಬದಲಿಸಿ. ಸರ್ವರಿನಲ್ಲಿ ಕಂಪೋಸರ್ (ಲೈಬ್ರರಿಗಳನ್ನು ತರುವ ಸಾಧನ) ಅಪ್‌ಡೇಟ್ ಬೇಡ, ಲಾಕ್ ಫೈಲ್ ಇಟ್ಟುಕೊಂಡು ಇನ್‌ಸ್ಟಾಲ್ ಮಾತ್ರ. 1 ಜಿಬಿ ಮೆಮೊರಿಯ ಸರ್ವರಿನಲ್ಲಿ "ಕಿಲ್ಡ್" ಅಂತ ನಿಂತರೆ ಮೆಮೊರಿ ಸಾಲದಾಗಿದೆ, 2 ಜಿಬಿ ಸ್ವಾಪ್ ಹಾಕಿ.

ಫೋನಿನಲ್ಲಿ ತೆಗೆದ ಪಹಣಿಯ ಫೋಟೊ ಏರದಿದ್ದರೆ ಮಿತಿ ಮೂರು ಕಡೆ ಇದೆ: ಎಂಜಿನ್‌ಎಕ್ಸ್‌ನಲ್ಲಿ 1 ಎಂಬಿ, ಪಿಎಚ್‌ಪಿಯ ಅಪ್‌ಲೋಡ್‌ಗೆ 2, ಪೋಸ್ಟ್‌ಗೆ 8. ಮೂರನ್ನೂ ಏರಿಸಿ, ಪೋಸ್ಟ್ ಮಿತಿ ಅಪ್‌ಲೋಡ್ ಮಿತಿಗಿಂತ ಹೆಚ್ಚಿರಲಿ.

419 (ಪುಟದ ಅವಧಿ ಮುಗಿದಿದೆ) ಬಂದಾಗ, ಫಾರ್ಮ್ ನಮ್ಮದೇ ಸೈಟಿನದೆಂದು ಖಾತ್ರಿಪಡಿಸುವ ಸಿಎಸ್‌ಆರ್‌ಎಫ್ ಟೋಕನ್ ಅದರಲ್ಲಿ ಇದೆಯೇ ಅಂತ ಎಲ್ಲರೂ ನೋಡುತ್ತಾರೆ. ತೂಕದ ಮನೆಯಲ್ಲಿ ಕಾರಣ ಬೇರೆ. ಬೆಳಗ್ಗೆ ತೆರೆದ ಪುಟ ಮಧ್ಯಾಹ್ನದ ಹೊತ್ತಿಗೂ ಹಾಗೇ ಇರುತ್ತದೆ, ಸೆಷನ್ನಿನ ಆಯಸ್ಸು 120 ನಿಮಿಷ. ಅಂಥ ಕಡೆ 600ಕ್ಕೆ ಏರಿಸಿ. ಎಚ್‌ಟಿಟಿಪಿಎಸ್ ಇಲ್ಲದ ಕಡೆ ಸೆಕ್ಯೂರ್ ಕುಕೀ ಹಾಕಿದ್ದರೂ ಪ್ರತಿ ಸಲ 419 ಬರುತ್ತದೆ.

ನೆಟ್ ಕಡಿಯುವುದರಿಂದ ಆಗುವ ದೊಡ್ಡ ನಷ್ಟ ಒಂದೇ ಬಿಲ್ಲು ಎರಡು ಸಲ ಸೇರುವುದು. ಸರ್ವರ್ ಬಿಲ್ಲನ್ನು ಉಳಿಸಿರುತ್ತದೆ, ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ, ಗುಮಾಸ್ತರು ಮತ್ತೆ ಒತ್ತುತ್ತಾರೆ. ಅದು ಅವರ ತಪ್ಪಲ್ಲ. ಬಟನ್ ನಿಷ್ಕ್ರಿಯ ಮಾಡುವ ಜಾವಾಸ್ಕ್ರಿಪ್ಟ್ ಇಲ್ಲಿ ಸಾಲದು. ಪುಟ ತೆರೆಯುವಾಗಲೇ ಒಂದು ಯುಯುಐಡಿ (ಮತ್ತೆಲ್ಲೂ ಬಾರದ ಗುರುತು ಸಂಖ್ಯೆ) ಹುಟ್ಟಿಸಿ ಅಡಗಿದ ಕ್ಷೇತ್ರದಲ್ಲಿಡಿ, ಬಿಲ್ಲಿನ ಟೇಬಲ್ಲಿನಲ್ಲಿ ಅದಕ್ಕೆ ಯೂನಿಕ್ ಇಂಡೆಕ್ಸ್ ಹಾಕಿ. ಎರಡನೆಯ ಸಲ ಅದೇ ಸಂಖ್ಯೆ ಬಂದರೆ ದೋಷ ತೋರಿಸದೆ ಮೊದಲು ಉಳಿದ ಬಿಲ್ಲನ್ನೇ ತೆರೆದು ತೋರಿಸಿ. ಮೊದಲು ಹುಡುಕಿ ಇಲ್ಲದಿದ್ದರೆ ಸೇರಿಸುವ ಕೋಡ್ ಒಂದನ್ನೇ ನಂಬಿದರೆ, ಎರಡು ಕೋರಿಕೆ ಒಟ್ಟಿಗೆ ಬಂದಾಗ ಎರಡೂ "ಇಲ್ಲ" ಎಂದು ಕಂಡು ಎರಡೂ ಸೇರಿಸುತ್ತವೆ. ತಡೆಯುವುದು ಇಂಡೆಕ್ಸ್ ಮಾತ್ರ. ಬಿಲ್ಲಿನ ಕ್ರಮಸಂಖ್ಯೆಯನ್ನೂ ಹಾಗೇ, ಗರಿಷ್ಠಕ್ಕೆ ಒಂದು ಕೂಡಿಸಿ ಪಡೆಯಬೇಡಿ. ಟ್ರಾನ್ಸಾಕ್ಷನ್ ಒಳಗೆ ಎಣಿಕೆಯ ಸಾಲನ್ನು ಲಾಕ್ ಫಾರ್ ಅಪ್‌ಡೇಟ್ ಹಾಕಿ ಹಿಡಿದು ಏರಿಸಿ.

ರೈತರಿಗೆ ಒಂದೇ ಎಸ್ಸೆಮ್ಮೆಸ್ ಎರಡು ಸಲ ಹೋಗುತ್ತಿದ್ದರೆ ಕ್ಯೂ (ಹಿನ್ನೆಲೆಯಲ್ಲಿ ಮಾಡುವ ಕೆಲಸಗಳ ಸಾಲು) ಕಡೆ ನೋಡಿ. ಮುಗಿಯದ ಕೆಲಸವನ್ನು ಮತ್ತೆ ಕೊಡುವ ಅವಧಿ ರೀಟ್ರೈ ಆಫ್ಟರ್ ಮೊದಲಿಗೆ 90 ಸೆಕೆಂಡ್, ಆ ಕೆಲಸ ಮಾಡುವ ವರ್ಕರಿನ ಟೈಮ್‌ಔಟ್ 60. ತಿಂಗಳ ಕೊನೆಯ ಪಟ್ಟಿ ಕಳುಹಿಸುವ ದೊಡ್ಡ ಕೆಲಸಕ್ಕೆಂದು ಟೈಮ್‌ಔಟ್ ಮಾತ್ರ 300ಕ್ಕೆ ಏರಿಸಿದರೆ, 90 ಸೆಕೆಂಡಿಗೇ ಇನ್ನೊಬ್ಬ ವರ್ಕರ್ ಅದೇ ಕೆಲಸ ಎತ್ತಿಕೊಳ್ಳುತ್ತಾನೆ. ರೀಟ್ರೈ ಆಫ್ಟರ್ ಯಾವಾಗಲೂ ಟೈಮ್‌ಔಟಿಗಿಂತ ಹೆಚ್ಚಿರಬೇಕು, 300ಕ್ಕೆ 330 ಇಡಬಹುದು. ಅದಕ್ಕಿಂತ ಒಳ್ಳೆಯದು ಒಬ್ಬ ರೈತನಿಗೆ ಒಂದು ಜಾಬ್ ಎಂದು ಒಡೆಯುವುದು. ಕೋಡ್ ತಿದ್ದಿದರೂ ಹಳೆಯ ಸಂದೇಶವೇ ಹೋಗುತ್ತಿದ್ದರೆ ವರ್ಕರ್ ಹಳೆಯ ಕೋಡನ್ನು ಮೆಮೊರಿಯಲ್ಲಿ ಹಿಡಿದು ಕೂತಿದೆ. ಹೊಸದು ಏರಿಸಿದಾಗಲೆಲ್ಲ ಕ್ಯೂ:ರೀಸ್ಟಾರ್ಟ್ ಓಡಿಸಿ. ಆ ಸೂಚನೆ ವರ್ಕರಿಗೆ ತಲುಪುವುದು ಕ್ಯಾಶ್ ಮೂಲಕ, ಆದ್ದರಿಂದ ಕ್ಯಾಶ್ ಡ್ರೈವರ್ ಅರೇ ಆಗಿರಬಾರದು. ನಿಂತ ವರ್ಕರನ್ನು ಮತ್ತೆ ಎಬ್ಬಿಸಲು ಸೂಪರ್‌ವೈಸರ್ ಎಂಬ ತಂತ್ರಾಂಶ ಓಡುತ್ತಿರಬೇಕು.